ಸದ್ದಿಲ್ಲದ ಇಳಿಜಾರು

ಬಂಕಿನಲ್ಲಿ ಎಲ್ಲರೂ ಡೀಸೆಲ್ ಹಾಕಿಸಿಕೊಂಡು ಹೋಗುತ್ತಿದ್ದರು. ಅವನೊಬ್ಬ ಮಾತ್ರ ಪೈಪನ್ನು ಎತ್ತಿ ಹಿಡಿದು, ಒದರಿ, ಒಳಗೆ ಅಂಟಿಕೊಂಡಿದ್ದ ಕೊನೆಯ ಹನಿಯೂ ತನ್ನ ಟ್ಯಾಂಕಿಗೆ ಬಿದ್ದ ಮೇಲೆಯೇ ಮುಚ್ಚಳ ಹಾಕುತ್ತಿದ್ದ. ಹಾಗಾಗಿ ವ್ಯಾನ್ ಸ್ಟ್ಯಾಂಡಿನವರು ಅವನಿಗೆ ಹನಿಯಣ್ಣ ಎಂದು ಹೆಸರಿಟ್ಟರು. ಅಪ್ಪ ಅಮ್ಮ ಇಟ್ಟ ಹೆಸರು ಲೈಸೆನ್ಸಿನಲ್ಲಿ ಮಾತ್ರ ಉಳಿಯಿತು. ನಗುವವರು ನಗಲಿ, ಹನಿಗೂಡಿದರೆ ಹಳ್ಳ ಎಂದು ಗಾದೆ ಮಾಡಿದವರೇನು ದಡ್ಡರೇ ಎನ್ನುವುದು ಅವನ ವಾದ.

ಅವನದು ಹನ್ನೆರಡು ಜನ ಕೂರಬೇಕಾದ, ಹದಿನೆಂಟು ಜನ ಕೂರುವ ವ್ಯಾನು. ಗುಡ್ಡದ ಮೇಲೆ ರೈಲ್ವೆ ಸ್ಟೇಷನ್ನು, ಕೆಳಗೆ ಮಾರ್ಕೆಟ್ಟು, ನಡುವೆ ಹಾವಿನ ಹಾಗೆ ಸುತ್ತಿಕೊಂಡ ರಸ್ತೆ. ಬೆಳಗಿನಿಂದ ಸಂಜೆಯವರೆಗೆ ಹತ್ತು, ಇಳಿ, ಹತ್ತು, ಇಳಿ. ಡೀಸೆಲ್ ಬೆಲೆ ಮಾತ್ರ ಹತ್ತುವುದನ್ನಷ್ಟೇ ಕಲಿತಿತ್ತು. ಸಮುದ್ರದಾಚೆ ಯಾರೋ ಇಬ್ಬರು ದೊಡ್ಡವರು ಜಗಳಕ್ಕೆ ಬಿದ್ದರು ಎಂದು ಬೆಲೆ ಏರಿತು. ಜಗಳ ನಿಂತಿತು, ಬೆಲೆ ಇಳಿಯಲಿಲ್ಲ. ಆಮೇಲೆ ಜಗಳವಿಲ್ಲದೆಯೂ ಏರಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಹಳೆಯ ಪದ್ಧತಿ. ಈಗ ಎತ್ತು ಆರೋಗ್ಯವಾಗಿದ್ದರೂ ಎಮ್ಮೆಗೆ ಬರೆ ತಪ್ಪುತ್ತಿರಲಿಲ್ಲ.

ಇಳಿಜಾರಿನಲ್ಲಿ ಇಂಜಿನ್ ಆರಿಸುವ ವಿದ್ಯೆಯನ್ನು ಆ ಸ್ಟ್ಯಾಂಡಿಗೆ ತಂದವನು ಹನಿಯಣ್ಣನೇ. ಸ್ಟೇಷನ್ನಿನ ಗೇಟು ದಾಟಿದ ಕೂಡಲೇ ಗೇರು ತಪ್ಪಿಸಿ ಕೀಲಿಯನ್ನು ಅರ್ಧ ತಿರುಗಿಸಿಬಿಡುವುದು. ಪೂರ್ತಿ ತಿರುಗಿಸಿದರೆ ಸ್ಟೇರಿಂಗು ಬಿಗಿದುಕೊಂಡು ಎಲ್ಲರೂ ಸೀದಾ ಕಣಿವೆಗೆ. ಬ್ರೇಕು ಕಲ್ಲಾಗುತ್ತದೆ, ಆದ್ದರಿಂದ ಮುಂಚೆಯೇ ಮೈಭಾರವನ್ನೆಲ್ಲ ಕಾಲಿಗೆ ಹಾಕಿ ಒತ್ತಬೇಕು. ಹೀಗೆ ಮಾರ್ಕೆಟ್ಟಿನವರೆಗೂ ಒಂದು ಹನಿ ಡೀಸೆಲ್ ಸುಡದೆ ಬರಬಹುದು. ಪೊಲೀಸರಿಗೆ ಸಿಕ್ಕಿದರೆ ಲೈಸೆನ್ಸಿಗೆ ಕುತ್ತು. ಆದರೆ ಹೊಟ್ಟೆಗೆ ಕುತ್ತು ಬಂದವನಿಗೆ ಲೈಸೆನ್ಸೇನು, ನೆಕ್ಕುವುದಕ್ಕಾಗುತ್ತದೆಯೇ? ಸ್ಟ್ಯಾಂಡಿನ ಮುಖಂಡ ಮೀಸೆ ಮೊದಲು ಬೈದ, ಆಮೇಲೆ ಪಕ್ಕದಲ್ಲಿ ಕೂತು ಕಲಿತ. ಬೆಲೆ ಮತ್ತೊಮ್ಮೆ ಏರುವ ಹೊತ್ತಿಗೆ ಗುಡ್ಡದ ವ್ಯಾನುಗಳೆಲ್ಲ ಬೆಕ್ಕಿನ ಹೆಜ್ಜೆಯಲ್ಲಿ ಇಳಿಯತೊಡಗಿದ್ದವು.

ಇದರಿಂದ ಯಾರಿಗೂ ತೊಂದರೆಯಿರಲಿಲ್ಲ, ಒಬ್ಬನನ್ನು ಬಿಟ್ಟು. ಆ ಒಬ್ಬ ಹನಿಯಣ್ಣನ ಭಾವಮೈದ, ಹೆಂಡತಿಯ ಬೆನ್ನಿಗೆ ಹುಟ್ಟಿದ ತಮ್ಮ. ಚಿಕ್ಕಂದಿನಲ್ಲೇ ಎರಡೂ ಕಣ್ಣು ಹೋಗಿದ್ದವು. ಕುರ್ಚಿಗೆ ಬೆತ್ತ ಹೆಣೆಯುವುದು ಅವನ ಕಸುಬು. ಅಕ್ಕ ಭಾವನ ಜೊತೆ ಅವನಿದ್ದ ಮನೆ ಇಳಿಜಾರಿನ ಬುಡದಲ್ಲಿ ರಸ್ತೆಯ ಈಚೆಗೆ, ಅವನ ಪುಟ್ಟ ಅಂಗಡಿ ರಸ್ತೆಯ ಆಚೆಗೆ. ಅಂಗಡಿಯೊಳಗೆ ತೊಟ್ಟಿಯ ನೀರಿನಲ್ಲಿ ಬೆತ್ತದ ಎಳೆಗಳು ನೆನೆಯುತ್ತಿರುತ್ತಿದ್ದವು. ಚೌಕಟ್ಟಿನ ತೂತುಗಳನ್ನು ಹೆಬ್ಬೆರಳಿನಿಂದ ಸವರಿ ಅವನು ಎಳೆ ಪೋಣಿಸುತ್ತಿದ್ದರೆ ಕಣ್ಣಿದ್ದವರು ಬಾಯಿ ಬಿಟ್ಟುಕೊಂಡು ನಿಲ್ಲಬೇಕು. ಆದರೆ ಅವನ ಹೆಮ್ಮೆ ಆ ಬೆರಳುಗಳ ಮೇಲಿರಲಿಲ್ಲ, ಕಿವಿಗಳ ಮೇಲಿತ್ತು. ದಿನವೂ ಹೋಗುವಾಗ, ಊಟಕ್ಕೆ ಬರುವಾಗ, ಮತ್ತೆ ಹೋಗುವಾಗ ಅವನು ಒಬ್ಬನೇ ರಸ್ತೆ ದಾಟುತ್ತಿದ್ದ. ಅಂಚಿನಲ್ಲಿ ನಿಂತು ತಲೆಯನ್ನು ಸ್ವಲ್ಪ ವಾಲಿಸಿ ಕೇಳುವುದು, ಕೋಲು ಮುಂದೆ ಮಾಡಿ ನಡೆದುಬಿಡುವುದು. ಕೈ ಹಿಡಿಯಲು ಬಂದವರಿಗೆ, "ನಿಮಗೆ ದಾಟೋಕೆ ಭಯ ಆದ್ರೆ ನನ್ನ ಜೊತೆ ಬನ್ನಿ" ಎನ್ನುತ್ತಿದ್ದ. ಅಕ್ಕನ ಕೈಯನ್ನೂ ಕೊಡವಿಬಿಡುತ್ತಿದ್ದ. ಆ ನಾಲ್ಕಾರು ಮಾರು ರಸ್ತೆಯೇ ಅವನ ರಾಜ್ಯ. ಅಲ್ಲಿ ಅವನು ಯಾರ ಹಂಗಿನಲ್ಲೂ ಇರಲಿಲ್ಲ.

ಒಂದು ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದಾಗ ಅವನೇ ಮಾತು ತೆಗೆದ.

"ಭಾವ, ಮುಂಚೆ ನಿನ್ನ ವ್ಯಾನು ಮುದುಕನ ಹಾಗೆ ಕೆಮ್ತಾ ಬರ್ತಿತ್ತು. ಗುಡ್ಡದ ಅರ್ಧದಲ್ಲೇ ಗೊತ್ತಾಗ್ತಿತ್ತು, ಅಕ್ಕ, ತಟ್ಟೆ ಹಾಕು ಅಂತಿದ್ದೆ. ಈಗ ಸದ್ದೇ ಇಲ್ಲ. ಇವತ್ತು ನಿಮ್ಮವರು ಯಾರೋ ನನ್ನ ಅಂಗಿ ಸವರಿಕೊಂಡೇ ಹೋದ್ರು."

ಅಕ್ಕ ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಕುಕ್ಕಿದಳು. "ನಾಳೆಯಿಂದ ನಾನೇ ದಾಟಿಸ್ತೀನಿ."

"ಹಾಗಾದ್ರೆ ಅಂಗಡಿಗೇ ಹೋಗಲ್ಲ. ಮೂಲೇಲಿ ಕೂತು ನಿನ್ನ ಅನ್ನ ತಿಂದ್ಕೊಂಡಿರ್ತೀನಿ, ಆಯ್ತಾ?"

ಅವನು ನಗುತ್ತಲೇ ಹೇಳಿದ್ದ. ಆದರೂ ಹನಿಯಣ್ಣ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ. "ಇಂಜಿನ್ ಹಾಕ್ಕೊಂಡೇ ಇಳಿ" ಎಂದು ಅಕ್ಕ ಗಂಡನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಮನೆ ನಡೆಯುವುದು ಆ ಉಳಿತಾಯದಲ್ಲೇ ಎಂದು ಅವಳಿಗೂ ಗೊತ್ತಿತ್ತು. ಕೊನೆಗೆ ಮನೆಗಿಂತ ಸ್ವಲ್ಪ ಮೇಲಿದ್ದ ನೀರಿನ ಟ್ಯಾಂಕಿನ ತಿರುವಿನಲ್ಲಿ ಎಲ್ಲರೂ ಉದ್ದಕ್ಕೆ ಹಾರ್ನ್ ಹೊಡೆಯಬೇಕೆಂದು ತೀರ್ಮಾನವಾಯಿತು. ಹಾರ್ನ್ ಕೇಳಿದರೆ ಭಾವಮೈದ ಅಂಚಿನಲ್ಲೇ ನಿಲ್ಲುವುದು. ಸ್ಟ್ಯಾಂಡಿನಲ್ಲಿ ಮೀಸೆ ಮೂಗು ಮುರಿದ. "ಕಳ್ಳತನಕ್ಕೆ ಹೊರಟವನು ಡಂಗುರ ಸಾರ್ತಾನೇನೋ? ಕೆಳಗೆ ಪೇದೆ ನಿಂತಿರ್ತಾನೆ" ಎಂದ. ಮಾರನೆಯ ದಿನ ಅಕ್ಕನೇ ಸ್ಟ್ಯಾಂಡಿಗೆ ಹೋಗಿ, ಮೀಸೆಯ ವಂಶವನ್ನೆಲ್ಲ ಜಾಲಾಡಿ ಬಂದಳು. ಅವತ್ತಿನಿಂದ ಆ ತಿರುವಿನಲ್ಲಿ ಪ್ರತಿ ವ್ಯಾನೂ ಹಾರ್ನ್ ಹೊಡೆಯಿತು. ಪಾಪ, ಮಾತಿಗೆ ತಪ್ಪುವ ಜನರಲ್ಲ ಅವರು.

ತಪ್ಪಿದವನು ಹನಿಯಣ್ಣ.

ಅವತ್ತು ಬೆಳಗ್ಗೆ ಬಂಕಿನಲ್ಲಿ ದೊಡ್ಡ ಸಾಲು. ಬೆಲೆ ಏರುತ್ತದೆಂಬ ಸುದ್ದಿ ಹಬ್ಬಿ ಬೈಕು, ಕಾರು, ಲಾರಿ ಎಲ್ಲ ಬಂದು ನಿಂತಿದ್ದವು. ಇವನ ಮುಂದೆ ಇನ್ನು ಒಂದೇ ಒಂದು ಕಾರು ಇದ್ದಾಗ ಬಂಕಿನವನು ಒಳಗೆ ಹೋಗಿ ಬಂದು, ಹಲಗೆಯ ಮೇಲಿನ ಅಂಕಿ ಬದಲಾಯಿಸಿದ.

"ಅಯ್ಯೋ, ನಾನು ಆಗ್ಲಿಂದ ನಿಂತಿದ್ದೀನಿ ಮಾರಾಯ! ಹಳೇ ರೇಟಿಗೆ ಹಾಕು."

"ನಿಂತಿದ್ದಕ್ಕೆ ರೇಟಿಲ್ಲ ಅಣ್ಣ, ಹಾಕಿಸಿದ್ದಕ್ಕೆ ರೇಟು."

ಸಾಲಿನಲ್ಲಿದ್ದವರು ಕೂಗಾಡಿದರು. ಒಬ್ಬ ಲಾರಿಯವನು ಹೆಲ್ಮೆಟ್ಟೊಂದನ್ನು ನೆಲಕ್ಕೆ ಒಗೆದ, ಅದು ಪಕ್ಕದ ಬೈಕಿನವನ ಹೆಲ್ಮೆಟ್ಟಾದ್ದರಿಂದ ಅವರಿಬ್ಬರಿಗೇ ಜಗಳ ಹತ್ತಿತು. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ಅದು ಸಾಮಾನ್ಯವಾಗಿ ಇನ್ನೊಬ್ಬ ಬಡವನ ದವಡೆಗೇ ಮೂಲ. ಹನಿಯಣ್ಣ ಹೊಸ ಬೆಲೆ ತೆತ್ತ. ಪೈಪನ್ನು ಒದರಲು ಎತ್ತಿದಾಗ ಬಂಕಿನವನು, "ಬಿಡಣ್ಣ, ಹಿಂದೆ ಸಾಲಿದೆ" ಎಂದು ಕಿತ್ತುಕೊಂಡ.

ಸ್ಟೇಷನ್ನಿನಿಂದ ಇಳಿಯುವಾಗ ಅವನು ಪ್ರಯಾಣಿಕರಿಗೆ ಚಾರ್ಜು ಸ್ವಲ್ಪ ಹೆಚ್ಚಾಗಿದೆ ಎಂದ. ಗೇಟು ದಾಟಿತು, ಗೇರು ತಪ್ಪಿಸಿದ, ಕೀಲಿ ಅರ್ಧ ತಿರುಗಿಸಿದ. ವ್ಯಾನು ಮೌನವಾಯಿತು, ಒಳಗಿದ್ದವರು ಮಾತ್ರ ಆಗಲಿಲ್ಲ.

"ಇಳಿಯೋಕೂ ಅಷ್ಟು ದುಡ್ಡಾ? ಇಂಜಿನ್ನೇ ಹಾಕಲ್ಲ ನೀನು!" ಎಂದಿತು ಹಿಂದಿನ ಸೀಟಿನಿಂದ ಒಂದು ದನಿ. ಸೂಟ್‌ಕೇಸು ತಬ್ಬಿಕೊಂಡು ಕೂತಿದ್ದ ದಪ್ಪ ಮನುಷ್ಯ.

"ಹತ್ತೋವಾಗ ನಿಮ್ಮಪ್ಪ ತಳ್ತಾನೇನ್ರಿ?"

"ಬಾಯಿ ಬಿಗಿಹಿಡಿದು ಮಾತಾಡು. ಡೀಸೆಲ್ ಹೆಸರಲ್ಲಿ ಸುಲಿಗೆ ಮಾಡ್ತೀರಲ್ಲ, ನೀವೆಲ್ಲ ಕಳ್ಳರು."

ಕಳ್ಳರು. ಬೆಳಗಿನಿಂದ ನುಂಗಿಕೊಂಡಿದ್ದೆಲ್ಲ ಹನಿಯಣ್ಣನ ಬಾಯಿಗೆ ಬಂತು. ಕತ್ತು ಹಿಂದಕ್ಕೆ ತಿರುಗಿಸಿ, ಬೆಲೆ ಏರಿಸಿದವರಿಗೆ ಬೈಯಬೇಕಾದ್ದನ್ನೆಲ್ಲ ಆ ಸೂಟ್‌ಕೇಸಿನವನಿಗೆ ಬೈದ. ಬೈಯುತ್ತಲೇ ಒಂದು ತಿರುವು ತೆಗೆದ, ಇನ್ನೊಂದು ತೆಗೆದ. ರಸ್ತೆ ಅವನ ಕೈಗಳಿಗೆ ಬಾಯಿಪಾಠವಾಗಿತ್ತು. ನೀರಿನ ಟ್ಯಾಂಕು ಪಕ್ಕದಲ್ಲಿ ಹಾದುಹೋಯಿತು. ಹಾರ್ನಿನ ಮೇಲಿರಬೇಕಾದ ಕೈ ಆಗ ಗಾಳಿಯಲ್ಲಿ ಬೆರಳು ತೋರಿಸುತ್ತಿತ್ತು.

ಮುಂದಕ್ಕೆ ತಿರುಗಿದಾಗ ರಸ್ತೆಯ ನಡುವೆ ಭಾವಮೈದ ಇದ್ದ. ಹೆಗಲ ಮೇಲೆ ಬೆತ್ತದ ಕಟ್ಟು, ಮುಂದೆ ಕೋಲು, ಮುಖದಲ್ಲಿ ಯಾವ ಅನುಮಾನವೂ ಇಲ್ಲ. ಹನಿಯಣ್ಣ ಎದ್ದು ನಿಂತು ಬ್ರೇಕು ತುಳಿದ. ಅದು ಕಲ್ಲಾಗಿತ್ತು.

ಪ್ರಯಾಣಿಕರು ಸಾಕ್ಷಿ ಹೇಳಬೇಕಾದೀತೆಂದು ಚಾರ್ಜೂ ಕೊಡದೆ ಚದುರಿದರು. ಸೂಟ್‌ಕೇಸಿನವನು ಎಲ್ಲರಿಗಿಂತ ಮುಂದೆ ಓಡಿದ.

ಭಾವಮೈದನ ಜೀವ ಉಳಿಯಿತು, ಕೈಗಳೂ ಉಳಿದವು. ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ, ಕಬ್ಬಿಣದ ಮಂಚದ ಮೇಲೆ, ಪ್ಲಾಸ್ಟರು ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟು ಅವನು ಮಲಗಿದ್ದಾಗ ಟ್ರಾಫಿಕ್ ಪೇದೆ ಬಂದ. ಅಕ್ಕ ತಲೆದೆಸೆಯಲ್ಲಿದ್ದಳು, ಹನಿಯಣ್ಣ ಕಾಲ್ದೆಸೆಯಲ್ಲಿ. ಪೇದೆ ಕೆಟ್ಟವನೇನಲ್ಲ. ಗುಡ್ಡದ ವ್ಯಾನುಗಳ ಗುಟ್ಟು ಅವನಿಗೆ ಗೊತ್ತಿತ್ತು, ಹಿಡಿಯಲು ಸಾಕ್ಷಿ ಇರಲಿಲ್ಲ. ಈಗ ಸಾಕ್ಷಿ ಮಂಚದ ಮೇಲೇ ಮಲಗಿತ್ತು.

"ನೋಡಪ್ಪ, ನಿನ್ನ ಕಿವಿ ಎಂಥದು ಅಂತ ಮಾರ್ಕೆಟ್ಟಿಗೇ ಗೊತ್ತು. ಇಂಜಿನ್ ಚಾಲೂ ಇದ್ದಿದ್ರೆ ನೀನು ರಸ್ತೆಗೆ ಇಳೀತಾನೇ ಇರ್ಲಿಲ್ಲ. ನಿನ್ನದೊಂದು ಮಾತು ಸಾಕು, ಇವನ ಲೈಸೆನ್ಸು, ವ್ಯಾನು ಎರಡೂ ಪೊಲೀಸ್ ಸ್ಟೇಷನ್ನಿಗೆ ಬರುತ್ತೆ. ಹೇಳು, ಇಂಜಿನ್ ಆಫ್ ಮಾಡಿದ್ನಾ?"

ಹೌದು ಎಂದು ತಾನೇ ಹೇಳಿಬಿಡಬೇಕೆಂದು ಹನಿಯಣ್ಣನ ನಾಲಿಗೆ ತುದಿಯವರೆಗೆ ಬಂದದ್ದು ನಿಜ. ಅಲ್ಲಿಂದ ಮುಂದಕ್ಕೆ ಬರಲಿಲ್ಲ ಎನ್ನುವುದೂ ಅಷ್ಟೇ ನಿಜ.

"ಇಂಜಿನ್ ಚಾಲೂ ಇತ್ತು ಸಾರ್" ಎಂದ ಭಾವಮೈದ.

"ಮತ್ತೆ ಯಾಕೆ ರಸ್ತೆಗೆ ಇಳಿದೆ?"

"ದೂರ ಇದೆ ಅಂದ್ಕೊಂಡೆ. ಈಚೆಗೆ ಕಿವಿ ಮಂದ ಆಗಿದೆ, ಯಾರಿಗೂ ಹೇಳಿರ್ಲಿಲ್ಲ. ಹಾರ್ನೂ ಹೊಡೆದ ನಮ್ಮ ಭಾವ. ನಂದೇ ತಪ್ಪು."

ಪೇದೆ ಇಬ್ಬರನ್ನೂ ಒಮ್ಮೆ ನೋಡಿ, ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ.

ಅಕ್ಕ ಔಷಧಿ ತರಲು ಹೋದಾಗ ಹನಿಯಣ್ಣ ಮಂಚದ ಅಂಚಿನಲ್ಲಿ ಕೂತ. "ಯಾಕೋ ಹಾಗೆ ಹೇಳಿದೆ?"

"ಇನ್ನೇನು ಹೇಳ್ಲಿ? ವ್ಯಾನು ಹೋದ್ರೆ ನನ್ನಕ್ಕ ಏನು ತಿಂತಾಳೆ, ನಿನ್ನ ಸ್ಟೇರಿಂಗಾ?" ಎಂದು ನಗಲು ನೋಡಿದ, ಕಾಲು ನೋಯಿತು. "ಹಾರ್ನ್ ಹೊಡೀಲಿಲ್ಲ ಅಂತ ಅಕ್ಕನಿಗೂ ಹೇಳ್ಬೇಡ ಭಾವ. ಅವಳ ಹೊಟ್ಟೇಲಿ ಮಾತು ನಿಲ್ಲಲ್ಲ. ಪೇದೆ ಹೆಂಡತಿ ಪಕ್ಕದ ಬೀದಿಯೋಳೇ."

ಮನೆಗೆ ಕರೆತಂದ ದಿನ ಅಕ್ಕ ಅಳುವುದನ್ನೂ ಬೈಯುವುದನ್ನೂ ಒಟ್ಟಿಗೇ ಮಾಡಿದಳು. "ಬಡ್ಕೊಂಡೆ, ಕೇಳಿದ್ಯಾ? ನನ್ನ ಕಿವಿ, ನನ್ನ ಕಿವಿ ಅಂತ ಮೆರೀತಿದ್ದೆ. ಕಿವಿ ಹೋಗಿದ್ದನ್ನೂ ಮುಚ್ಚಿಟ್ಟೆ. ಇನ್ನು ಒಂದು ಹೆಜ್ಜೆ ಒಬ್ಬನೇ ಇಟ್ರೆ ಇನ್ನೊಂದು ಕಾಲು ನಾನೇ ಮುರೀತೀನಿ."

ಹನಿಯಣ್ಣನಿಗೆ ಕೂತಲ್ಲಿ ಕೂರಲಾಗಲಿಲ್ಲ. "ಅವನ ಕಿವಿಗೆ ಏನೂ ಆಗಿಲ್ಲ ಕಣೇ..." ಎಂದು ಶುರುಮಾಡಿದ.

"ಭಾವನಿಗೆ ನನ್ನ ಮೇಲೆ ಪ್ರೀತಿ, ಅದಕ್ಕೆ ಹಾಗಂತಾನೆ" ಎಂದು ಭಾವಮೈದ ನಡುವೆಯೇ ಬಾಯಿ ಹಾಕಿದ. "ಕಿವಿ ಹೋಗಿರೋದು ನಿಜ ಅಕ್ಕ. ನೀನು ಹೇಳಿದ ಹಾಗೇ ಆಗ್ಲಿ."

ಹನಿಯಣ್ಣನಿಗೆ ಮೊದಲು ಆದದ್ದು ಸಮಾಧಾನ. ನಾಚಿಕೆ ಅದರ ಬೆನ್ನಿಗೆ ಬಂತು, ಬಂದದ್ದು ಹೋಗಲಿಲ್ಲ.

ಸ್ಟ್ಯಾಂಡಿನಲ್ಲಿ ಯಾರೂ ಅವನನ್ನು ಒಂದು ಮಾತು ಕೇಳಲಿಲ್ಲ. "ಕುರುಡನಿಗೆ ಕಿವಿಯೂ ಹೋಯ್ತಂತೆ, ನೀನೇನು ಮಾಡ್ತೀಯ" ಎಂದು ಮೀಸೆ ಬೆನ್ನು ತಟ್ಟಿದ. ಇನ್ನು ಹಾರ್ನ್ ಹೊಡೆಯುವ ಕಷ್ಟವೂ ತಪ್ಪಿತಲ್ಲ ಎಂದು ಇನ್ನೊಬ್ಬ ಅಂದ. ಹನಿಯಣ್ಣ ಮಾತ್ರ ಈಗ ಇಂಜಿನ್ ಹಾಕಿಕೊಂಡೇ ಇಳಿಯುತ್ತಿದ್ದ. ಸಂಜೆ ಕೈಯಲ್ಲಿ ಉಳಿಯುವುದು ಕಡಿಮೆಯಾಯಿತು. ಹೆಂಡತಿ ಕೇಳಿದರೆ ಬೆಲೆ ಏರಿದೆ ಎನ್ನುತ್ತಿದ್ದ, ಅದೂ ಸುಳ್ಳೇನಲ್ಲ.

ಪ್ಲಾಸ್ಟರು ಬಿಚ್ಚಿ, ಕಾಲು ನೆಲಕ್ಕೆ ಒಗ್ಗಿದ ಮೇಲೆ ಭಾವಮೈದ ಅಂಗಡಿಗೆ ಹೊರಟ. ಬೆಳಗಿನ ಹೊತ್ತು. ಹನಿಯಣ್ಣ ಮನೆಯ ಮುಂದೆ ವ್ಯಾನಿನ ಗಾಜು ಒರೆಸುತ್ತಿದ್ದ. ಭಾವಮೈದ ಹೊಸಿಲು ದಾಟಿ ರಸ್ತೆಯ ಅಂಚಿಗೆ ಬಂದು ನಿಂತ. ತಲೆ ತಾನಾಗಿಯೇ ವಾಲಿತು. ಅಷ್ಟರಲ್ಲಿ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಅವನ ಕೈಯಿಂದ ಕೋಲು ತೆಗೆದುಕೊಂಡಳು. "ಇದಿನ್ಯಾಕೆ? ನಾನಿದ್ದೀನಲ್ಲ" ಎಂದು ಮಣಿಕಟ್ಟು ಹಿಡಿದಳು. ಅವನು ಕೈ ಕೊಡವಲಿಲ್ಲ.

ರಸ್ತೆ ಖಾಲಿಯಿತ್ತು. ಗುಡ್ಡದ ತುದಿಯವರೆಗೂ ಒಂದು ವಾಹನವಿರಲಿಲ್ಲ. ಅದು ಹನಿಯಣ್ಣನ ಕಣ್ಣಿಗೆ ಎಷ್ಟು ಸ್ಪಷ್ಟವಾಗಿತ್ತೋ ಭಾವಮೈದನ ಕಿವಿಗೂ ಅಷ್ಟೇ ಸ್ಪಷ್ಟವಾಗಿತ್ತು. ಆದರೂ ಅಕ್ಕ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, "ಬಾ, ಬಾ, ಬೇಗ" ಎಂದು ಎಳೆದುಕೊಂಡು ನಡೆದಳು. ಅವಳ ನಡಿಗೆಗೆ ಇವನ ಹೆಜ್ಜೆ ಹೊಂದಲಿಲ್ಲ. ಇಷ್ಟು ವರ್ಷ ಒಬ್ಬನೇ ದಾಟಿ ಒಂದು ದಿನವೂ ಎಡವದವನು ಅಂಗಡಿಯ ಮುಂದಿನ ಮೆಟ್ಟಿಲಿಗೆ ಎಡವಿ ಮುಗ್ಗರಿಸಿದ. ಅಕ್ಕ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ನೋಡಿದ್ಯಾ?" ಎಂದಳು. "ನಾನಿಲ್ದೆ ಇದ್ದಿದ್ರೆ ಬಿದ್ದೇಬಿಡ್ತಿದ್ದೆ."

"ಹೂಂ ಅಕ್ಕ" ಎಂದ ಅವನು.