ಮರಿಗೆ ಮರಿ ಎಂದ ರಾಯರು

ಬಾಳಕೃಷ್ಣರಾಯರು ನೆಲದ ಮೇಲೆ ನಿಲ್ಲುವುದೇ ಇಲ್ಲ. ಓಡುವ ಬಸ್ಸಿನಲ್ಲಿ ನಿಲ್ಲುತ್ತಾರೆ. ನಿವೃತ್ತರಾಗಿ ಏಳು ವರ್ಷ ಕಳೆದರೂ, ಬೈಲಹೊಂಗಲದ ತಮ್ಮ ಮನೆಯ ಹಿತ್ತಲಲ್ಲಿ, ಎಲೆಯೊಂದೂ ಅಲುಗದ ನಡುಮಧ್ಯಾಹ್ನದಲ್ಲಿ, ಕಾಲುಗಳನ್ನು ಅಗಲಿಸಿ, ಮೊಣಕಾಲನ್ನು ತುಸು ಸಡಿಲಬಿಟ್ಟು, ಎಡಗೈಯನ್ನು ಇಲ್ಲದ ಕಂಬಿಯ ಕಡೆಗೆ ಚಾಚಿ ಅವರು ನಿಂತಿರುವುದನ್ನು ಕಂಡ ಹೊಸಬರು ಪಾಪ, ಇವರಿಗೆ ವಾತವಿರಬೇಕು ಎಂದುಕೊಳ್ಳುತ್ತಾರೆ. ವಾತವಲ್ಲ, ಮೂವತ್ತೊಂದು ವರ್ಷಗಳ ಕಂಡಕ್ಟರಿಕೆ. ಅಜ್ಜ ಪಂಚಾಂಗ ಓದಿದರು, ಅಪ್ಪ ಸಂಸ್ಕೃತ ಕಲಿಸಿದರು, ಇವರು ರಾಮದುರ್ಗದ ಬಸ್ಸಿನಲ್ಲಿ ಟಿಕೀಟು ಹರಿದರು. ಮೂವರಲ್ಲಿ ಯಾರ ಉಚ್ಚಾರಣೆ ಸ್ಪಷ್ಟ ಎಂದು ಕೇಳಿದರೆ ಆ ಬಸ್ಸಿನ ದಾರಿಯಲ್ಲಿರುವ ಸಾಲಹಳ್ಳಿಯ ಮಂದಿ ಮೂರನೆಯವರನ್ನೇ ತೋರಿಸುತ್ತಾರೆ.

ಆ ಕಾಲದ ಖಾಕಿ ಕೋಟನ್ನು ರಾಯರು ಇನ್ನೂ ಬಿಟ್ಟಿಲ್ಲ. ಬೇಸಿಗೆಯಲ್ಲೂ ಅದನ್ನು ತೊಟ್ಟೇ ಹಿತ್ತಲಿಗೆ ಇಳಿಯುತ್ತಾರೆ. ಒಂದು ಜೇಬಿನಲ್ಲಿ ಸಣ್ಣ ಚೂರಿ, ಇನ್ನೊಂದರಲ್ಲಿ ಅರಿಶಿಣದ ಪುಡಿಯ ಡಬ್ಬಿ, ಎದೆಯ ಜೇಬಿನಲ್ಲಿ ಚೀಟಿಯ ಪುಸ್ತಕ. ಹಿತ್ತಲಲ್ಲಿ ಗುಲಾಬಿಯಿಲ್ಲ, ಸೇವಂತಿಗೆಯಿಲ್ಲ, ಇರುವುದೆಲ್ಲ ಬ್ರೊಮೆಲಿಯಾಡ್. ಅನಾನಸಿನ ಕುಲದ ಈ ಗಿಡಗಳು ಎಲೆಗಳನ್ನೇ ಒತ್ತಾಗಿ ಹೆಣೆದುಕೊಂಡು ನಡುವೆ ಬಟ್ಟಲು ಮಾಡಿ ಅದರಲ್ಲಿ ನೀರು ಹಿಡಿದಿಡುತ್ತವೆ. ಪತ್ನಿ ಮಥುರಾಬಾಯಿ ಅವನ್ನು ಗಿಂಡಿಗಿಡ ಎನ್ನುತ್ತಾರೆ. ಸೊಳ್ಳೆಯ ಮಾತೆತ್ತಿ ಓಣಿಯವರು ಗೊಣಗಬಾರದೆಂದು ರಾಯರು ಪ್ರತಿ ಮುಂಜಾನೆ ಎಂಬತ್ತಾರು ಗಿಂಡಿಗಳ ನೀರನ್ನೂ ಚೆಲ್ಲಿ ಹೊಸದು ತುಂಬುತ್ತಾರೆ. ದೇವರ ಪೂಜೆ ಅದಾದ ಮೇಲೆ.

ಈ ಗಿಡದ ಬಾಳು ವಿಲಕ್ಷಣವಾದದ್ದು. ಅದು ಆಯುಷ್ಯದಲ್ಲಿ ಒಮ್ಮೆ ಮಾತ್ರ ಹೂ ಬಿಡುತ್ತದೆ. ಹೂ ಒಣಗಿದ ಮೇಲೆ ಬುಡದಲ್ಲಿ ಮರಿ ಇಡುತ್ತದೆ. ಮರಿಗೆ ತನ್ನಲ್ಲಿರುವುದನ್ನೆಲ್ಲ ಉಣಿಸುತ್ತ ತಾಯಿ ತಿಂಗಳುಗಟ್ಟಲೆ ಮೆಲ್ಲಗೆ ಸಾಯುತ್ತದೆ. ಮರಿ ತಾಯಿಯ ಸೊಂಟದೆತ್ತರಕ್ಕೆ ಬರುವ ತನಕ ಅದನ್ನು ಬೇರ್ಪಡಿಸಬಾರದು, ಬೇರ್ಪಡಿಸುವಾಗ ಚೂರಿಯಿಂದ ಕೊಯ್ದು ಗಾಯಕ್ಕೆ ಅರಿಶಿಣ ಹಚ್ಚಬೇಕು ಎಂಬುದು ರಾಯರ ಶಾಸನ. ಸುತ್ತಲಿನ ಊರುಗಳಲ್ಲಿ ಈ ಹುಚ್ಚು ಹತ್ತಿಸಿಕೊಂಡ ಹದಿನೆಂಟು ಮಂದಿ ಮೂರು ತಿಂಗಳಿಗೊಮ್ಮೆ ಭಾನುವಾರ ಯರಗಟ್ಟಿಯಲ್ಲಿ ಸೇರುತ್ತಿದ್ದರು. ಮರಿಗೆ ಮರಿ, ಅಷ್ಟೇ ವ್ಯವಹಾರ, ಮಾರಾಟವಿಲ್ಲ. ಕೈ ಬದಲಾಗುವ ಪ್ರತಿ ಮರಿಗೂ ರಾಯರು ಚೀಟಿ ಹರಿಯುತ್ತಿದ್ದರು: ಯಾವ ಊರಿಂದ, ಯಾವ ಊರಿಗೆ, ತಾಯಿ ಯಾವುದು, ತಾರೀಖು ಎಷ್ಟು. ಯಾರಾದರೂ ನಕ್ಕರೆ, "ನಗ್ರಿ, ನಗ್ರಿ. ಚೀಟಿ ಇಲ್ಲದ ಮರಿ ಎಲ್ಲಿಂದ ಬಂತಂತ ನಾಳೆ ನಿಮ್ಮಪ್ಪ ಬಂದು ಹೇಳತಾನೇನ್ರಿ?" ಎಂದು ಕೇಳುತ್ತಿದ್ದರು. ಮಾತು ಒರಟು, ಆದರೆ ಮನುಷ್ಯ ಚೊಕ್ಕ.

ಅವರ ಹಿತ್ತಲಿನ ಎಂಬತ್ತಾರರಲ್ಲಿ ಒಂದು ಗಿಡ ಮಾತ್ರ ಅವರದಲ್ಲವೆಂದು ಅವರೇ ಹೇಳುತ್ತಿದ್ದರು. ಬೂದುಹಸಿರು ಎಲೆಯ ಮೇಲೆ ಕಡುಗೆಂಪಿನ ಅಡ್ಡಪಟ್ಟೆಗಳಿದ್ದ ಆ ತಳಿ ಈ ಸೀಮೆಯಲ್ಲಿ ಇದ್ದದ್ದು ಸವದತ್ತಿಯ ಶಾಲಾ ಶಿಕ್ಷಕಿ ಶೈಲಜಾ ಅವರಲ್ಲಿ ಮಾತ್ರ. ತಮ್ಮಲ್ಲಿದ್ದ ಎರಡರಲ್ಲಿ ಒಂದನ್ನು ಅವರು ರಾಯರಿಗೆ ಕೊಟ್ಟರು. ಆಮೇಲೆ ಚುನಾವಣೆಯ ಕೆಲಸಕ್ಕೆಂದು ಅವರು ಊರು ಬಿಟ್ಟಿದ್ದಾಗ ಅವರ ಗಿಡ ಬಿಸಿಲಿಗೆ ಸುಟ್ಟುಹೋಯಿತು. ಉಳಿದದ್ದು ರಾಯರದೊಂದೇ. "ಇದು ಇಡೋ ಮೊದಲನೇ ಮರಿ ನಿಮ್ಮದ್ರಿ, ಬಾಯಿಯವರ" ಎಂದು ರಾಯರು ಮಾತು ಕೊಟ್ಟರು. ಐದು ವರ್ಷ ಕಾದ ಮೇಲೆ ಕಳೆದ ವರ್ಷ ಆ ಗಿಡ ಹೂ ಬಿಟ್ಟಿತು, ಬಾಡಿತು, ಬುಡದಲ್ಲಿ ಒಂದೇ ಒಂದು ಮರಿ ಇಟ್ಟಿತು. ಹೆಬ್ಬೆರಳಿನಷ್ಟಿದ್ದ ಅದನ್ನು ರಾಯರು ದಿನಾ ಗೇಣು ಹಾಕಿ ನೋಡುತ್ತಿದ್ದರು.

ಒಂದು ಮುಂಜಾನೆ ನೀರು ಬದಲಿಸಲು ಬಗ್ಗಿದವರು ಬಗ್ಗಿದಲ್ಲೇ ನಿಂತರು. ಮರಿ ಇರಲಿಲ್ಲ. ಬುಡದಲ್ಲಿ ಸಿಪ್ಪೆ ಸುಲಿದ ಹಸಿ ಗಾಯ.

"ಕೊಯ್ದಿಲ್ಲ ಇದನ್ನ, ತಿರುವಿ ಕಿತ್ತಾರ!" ಎಂದು ರಾಯರು ಕೂಗಿದ್ದು ಓಣಿಯ ತುದಿಗೆ ಕೇಳಿತು.

ಮಥುರಾಬಾಯಿ ಒದ್ದೆಗೈಯಲ್ಲೇ ಹೊರಗೆ ಬಂದು, ಗಾಯ ನೋಡಿ, ಸ್ವಲ್ಪ ಯೋಚಿಸಿ ಹೇಳಿದರು: "ನಿನ್ನೆ ಸಂಜಿಮುಂದ ಕಿತ್ತೂರಿನ ಬಸವಲಿಂಗ ಬಂದಿದ್ನಲ್ಲ, ನೀವು ಚಹಾಪುಡಿ ತರಾಕ ಹೋದಾಗ ಹಿತ್ತಲದಾಗ ಒಬ್ಬನ ಅಡ್ಡಾಡತಿದ್ದ. ಹೋಗೋಮುಂದ ಎಡಗೈ ಜೇಬಿನಿಂದ ಹೊರಗ ತಗೀಲೇ ಇಲ್ರಿ. ಒಂದ ಕೈಲೆ ನಮಸ್ಕಾರ ಮಾಡಿದ. ಎಲಿ-ಅಡಕಿ ಹಿಡಕೊಂಡಾನ ಅನಕೊಂಡೆ ನಾ."

ಬಸವಲಿಂಗ ಬಳಗದಲ್ಲಿ ಎಲ್ಲರಿಗೂ ಬೇಕಾದವನು. ಕಿತ್ತೂರಿನ ಬಳಿ ಹೆದ್ದಾರಿಯ ಪಕ್ಕದಲ್ಲಿ ದೊಡ್ಡ ಹೋಟೆಲು ಅವನದು. ಯರಗಟ್ಟಿಯ ಕೂಟಕ್ಕೆ ಉಪ್ಪಿಟ್ಟು, ಶಿರಾ, ಚಹಾ ಅವನ ಕಡೆಯಿಂದಲೇ ಬರುತ್ತಿದ್ದವು. ಹೆಗಲ ಮೇಲೆ ಕೈ ಹಾಕಿಯೇ ಮಾತಾಡುವ ಜಾತಿ. ರಾಯರು ಸ್ನಾನವನ್ನೂ ಮಾಡದೆ ಕೋಟು ತೊಟ್ಟು ಕಿತ್ತೂರಿನ ಬಸ್ಸು ಹತ್ತಿದರು.

ಹೋಟೆಲಿನ ಮುಂದೆ ಹೊಳೆಯುವ ಕುಂಡಗಳ ಸಾಲಿತ್ತು, ಒಂದೊಂದರಲ್ಲೂ ಹೂ ಬಿಟ್ಟ ಬ್ರೊಮೆಲಿಯಾಡ್. ಪ್ರಯಾಣಿಕರು ಅವುಗಳ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಸಾಲಿನ ಕೊನೆಯ ಕುಂಡದಲ್ಲಿ, ಸುಡುಬಿಸಿಲಿನಲ್ಲಿ, ಎರೆಮಣ್ಣಿನ ಕೆಸರಿನೊಳಗೆ ಕುತ್ತಿಗೆಯ ತನಕ ಹೂತು ನಿಂತಿತ್ತು ಆ ಹೆಬ್ಬೆರಳಿನಷ್ಟು ಮರಿ. ಬಸವಲಿಂಗ ನಗುತ್ತಲೇ ಎದ್ದು ಬಂದ.

"ಅಯ್ಯ ಕಾಕಾ, ಇದಕ್ಕಾಗಿ ಬಿಸಲಾಗ ಬಂದ್ರೇನ್ರಿ? ಕದ್ದ ಗಿಡಾನ ಚೊಲೋ ಹತ್ತತಾವು ಅಂತ ಹಿರೇರು ಹೇಳ್ಯಾರಲ್ರಿ. ಕೇಳಿ ಇಸ್ಕೊಂಡದ್ದು ಬಾಳಂಗಿಲ್ಲ."

"ಹಂಗಂದ ಹಿರ್ಯಾನೂ ಕಳ್ಳನ ಇದ್ದಿರಬೇಕು" ಎಂದರು ರಾಯರು.

"ಸಿಟ್ಟ ಯಾಕ್ರಿ? ಇಲ್ಲಿಂದ ಹತ್ತು ಒಯ್ರಿ. ಹೂ ಬಿಟ್ಟದ್ದನ್ನ ಒಯ್ರಿ. ಹೂ ಒಣಗಿದ ಮ್ಯಾಲ ಹೆಂಗೂ ಹಿಂದ ಒಗಿಯೂದ."

ಆ ಕೊನೆಯ ಮಾತು ಕೇಳಿ ರಾಯರು ಹೋಟೆಲಿನ ಹಿಂದಕ್ಕೆ ನಡೆದರು. ಅಲ್ಲಿ ಮುಸುರೆಯ ಡ್ರಮ್ಮಿನ ಪಕ್ಕದಲ್ಲಿ, ಬೇರು ಮೇಲಾಗಿ, ಮೂವತ್ತು ನಲವತ್ತು ಗಿಡಗಳು ರಾಶಿ ಬಿದ್ದಿದ್ದವು. ಹೂ ಒಣಗಿದ್ದವು, ಆದರೆ ಸತ್ತಿರಲಿಲ್ಲ. ರಾಯರು ಕುಕ್ಕರುಗಾಲಲ್ಲಿ ಕೂತು ಒಂದನ್ನು ತಿರುವಿ ನೋಡಿದರು, ಇನ್ನೊಂದನ್ನು ನೋಡಿದರು. ಬುಡಬುಡದಲ್ಲೂ ಎಳೆಯ ಮೊಳಕೆ.

"ಬಸರ್ಯಾರಲೇ ಇವು! ಹೊಟ್ಟಿಯೊಳಗಿನ ಕೂಸಿನ ಸೈತ ತಿಪ್ಪಿಗೆ ಒಗದೀಯಲ್ಲ, ಮತ್ತ ನನ್ನ ಹಿತ್ತಲದಾಗ ಒಂದ ಮರಿಗೆ ಕೈ ಹಾಕತಿ!"

ಇಲ್ಲಿ ನಮಗೂ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಹಸಿದವನು ಕದ್ದರೆ ಒಂದು ಅರ್ಥವಿದೆ. ಉಣ್ಣಲಾರದಷ್ಟು ಇದ್ದವನು ಕದ್ದು, ಅದಕ್ಕೆ ಹಿರಿಯರ ಗಾದೆಯ ಟೋಪಿ ತೊಡಿಸಿ, ಮೇಲೆ ಹತ್ತು ಒಯ್ಯಿರಿ ಎಂದು ದಾನಶೂರನ ಹಾಗೆ ಕೈಬೀಸುವುದಕ್ಕೆ ಯಾವ ಅರ್ಥವೂ ಇಲ್ಲ. ರಾಯರು ಆ ರಾಶಿಯಿಂದ ಒಂದನ್ನೂ ಮುಟ್ಟಿ ಒಯ್ಯಲಿಲ್ಲ. ಬದಲಿಗೆ ಕೊಡಲು ಅವರ ಕೈಯಲ್ಲಿ ಅಂದು ಮರಿ ಇರಲಿಲ್ಲ. ಕೊಡದೆ ಒಯ್ದರೆ ತಾವು ಜಗಳಕ್ಕೆ ಬಂದದ್ದು ಯಾವ ನ್ಯಾಯಕ್ಕೆ? ಒಂದೊಂದನ್ನೇ ಎತ್ತಿ ನೆಟ್ಟಗೆ ನೆರಳಿನಲ್ಲಿ ನಿಲ್ಲಿಸಿ, ತಮ್ಮ ಕುಡಿಯುವ ಬಾಟಲಿಯ ನೀರನ್ನು ಆದಷ್ಟಕ್ಕೆ ಹನಿಸಿದರು. ಮುಂದೆ ಬಂದು ಕುಂಡದಲ್ಲಿದ್ದ ತಮ್ಮ ಮರಿಯ ಸುಳಿ ಹಿಡಿದರೆ, ಸುಳಿ ಕೈಗೇ ಬಂತು. ತಿರುವಿ ಕಿತ್ತ ಬುಡ ಬಿಸಿ ಕೆಸರಿನಲ್ಲಿ ಬೆಂದು ಹೋಗಿತ್ತು.

ಮರುವಾರವೇ ಯರಗಟ್ಟಿಯ ಕೂಟ. ರಾಯರು ಆ ಸುಳಿಯನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ ಎಲ್ಲರ ನಡುವೆ ಇಟ್ಟರು. ಬಸವಲಿಂಗ ತಪ್ಪಾಯಿತು ಎನ್ನಬೇಕು, ಒಂದು ವರ್ಷ ಅವನಿಗೆ ಯಾರೂ ಮರಿ ಕೊಡಬಾರದು, ಇಷ್ಟೇ ಅವರ ಬೇಡಿಕೆ. ಬಳಗ ನಕ್ಕಿತು. ತಾನೂ ಧಾರವಾಡದ ಬೀಗರ ಮನೆಯಿಂದ ಹಾಗೆಯೇ ಒಂದನ್ನು ಎತ್ತಿ ತಂದೆನೆಂದು ಒಬ್ಬರು, ಮನಿಪ್ಲಾಂಟಂತೂ ಕದ್ದರೇ ಲಕ್ಷ್ಮಿಯೆಂದು ಇನ್ನೊಬ್ಬರು. ರಾಯರ ಧ್ವನಿ ಏರಿತು. ಬಳಗದವಳೇ ಆದ ರಾಮದುರ್ಗದ ಮೀನಾ ಓಡಿಬಂದು, "ಕಾಕಾ, ನೀರ ಕುಡೀರಿ, ಕುಂತ್ರಿ, ಬೀಪಿ ಏರತೈತಿ" ಎಂದಳು. ಬಸವಲಿಂಗನ ಕೈಗೆ ಯಾರೋ ಚಹಾ ಕೊಟ್ಟರು.

ರಾಯರು ಕೂರದೆ ಶೈಲಜಾ ಅವರ ಕಡೆ ನೋಡಿದರು. ಅವರು ತಲೆ ತಗ್ಗಿಸಿ, "ಹೋಗ್ಲಿ ಬಿಡ್ರಿ ಸರ, ನನಗ ಮರಿ ಬ್ಯಾಡ. ಒಂದ ಗಿಡದ ಸಲುವಾಗಿ ಎಲ್ಲಾರೂ ಕೆಡೂದ್ಯಾಕ" ಎಂದರು.

"ನಿಮಗ ಬ್ಯಾಡಾತು, ಖರೆ. ನಾ ಕೊಟ್ಟ ಮಾತು ಎಲ್ಲಿಗೆ ಹೋಗಬೇಕ್ರಿ?" ಎಂದು ಕೇಳಿ ರಾಯರು ಹೊರಬಿದ್ದರು. ಶಿರಾ ಬಿಸಿಯಾಗಿಯೇ ಇತ್ತು ಎಂದು ಕೇಳಿದ್ದೇವೆ.

ನಾಲ್ಕು ದಿನದ ಮೇಲೆ ಸವದತ್ತಿಯಲ್ಲಿ ಶಾಲೆಯಿಂದ ಬಂದ ಶೈಲಜಾ ಅವರಿಗೆ ಬಾಗಿಲ ಮುಂದೆ ಖಾಕಿ ಕೋಟು ಕಂಡಿತು. ಬುಡಕ್ಕೆ ಅರಿಶಿಣ ಮೆತ್ತಿದ, ಎಲೆಗಳು ಅರ್ಧ ಒಣಗಿದ ಆ ತಾಯಿಗಿಡವನ್ನು ರಾಯರು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಇಡೀ ದಾರಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರಂತೆ.

"ಮರಿ ಕಾಯಾಕ ನನ್ನ ಕೈಲೆ ಆಗಲಿಲ್ರಿ. ಇದರಾಗ ಇನ್ನೊಂದು ಬರೂ ಜೀವ ಇದ್ರ, ನಿಮ್ಮ ಮನಿಯಾಗ ಬರಲಿ. ಬರಲಿಲ್ಲಂದ್ರ ನಾ ಮಾತಿಗೆ ತಪ್ಪಿದೆ ಅನ್ರಿ. ಹೋಗ್ಲಿ ಬಿಡ್ರಿ ಅಂತ ಮಾತ್ರ ಅನಬ್ಯಾಡ್ರಿ."

ಶೈಲಜಾ ಗಿಡ ಇಸಿದುಕೊಂಡು, ಅಲ್ಲೇ ನಿಂತು ಅತ್ತರು.

ಮರಿ ಬರಲಿಲ್ಲ. ಐದು ತಿಂಗಳಲ್ಲಿ ಗಿಡ ಪೂರ್ತಿ ಒಣಗಿತು. ಈ ಸುತ್ತಿನ ತಾಲೂಕುಗಳಲ್ಲಿ ಆ ಪಟ್ಟೆಯ ಎಲೆ ಈಗ ಎಲ್ಲೂ ಇಲ್ಲ. ಕೂಟ ಎಂದಿನಂತೆ ನಡೆಯುತ್ತದೆ. ರಾಯರು ಹೋಗುವುದಿಲ್ಲ, ಶೈಲಜಾ ಅವರೂ ಹೋಗುವುದಿಲ್ಲ. ಹೆಬ್ಬೆರಳಿನಷ್ಟು ಗಿಡಕ್ಕೆ ಮುದುಕ ಎಷ್ಟು ರಂಪ ಮಾಡಿದ ಎಂದು ಉಳಿದವರು ಈಗಲೂ ಹೇಳಿಕೊಂಡು ನಗುತ್ತಾರೆ.

ಇಂಥವರು ಊರಿಗೊಬ್ಬರು ಇರುತ್ತಾರೆ, ಮತ್ತು ಊರು ಅವರನ್ನು ಸಹಿಸುವುದಿಲ್ಲ. ಕದ್ದವನು ನಗುತ್ತಾನೆ, ಆದ್ದರಿಂದ ಒಳ್ಳೆಯವನು. ಕಳಕೊಂಡವನು ಕೂಗುತ್ತಾನೆ, ಆದ್ದರಿಂದ ಜಗಳಗಂಟ. ಇವರನ್ನು ತಣ್ಣಗಾಗಿಸುವುದನ್ನೇ ನಾವು ಸಜ್ಜನಿಕೆ ಎಂದು ತಿಳಿದು, ತಂಬಿಗೆ ಹಿಡಿದು ಬೆನ್ನು ಹತ್ತುತ್ತೇವೆ. ಇವರಿಗೆ ಸಿಟ್ಟು ಬರುವುದು ಸಣ್ಣದಕ್ಕೆ ಎಂಬುದು ನಿಜವೇ; ದೊಡ್ಡದು ಯಾವುದೂ ಒಮ್ಮೆಲೇ ಕಳುವಾಗುವುದಿಲ್ಲವೆಂದು ಇವರಿಗೆ ಗೊತ್ತಿದೆ. ನಮ್ಮ ಸಮಾಧಾನದ ನೀರು ಕುಡಿದು ಇವರು ಒಂದು ದಿನ ಸುಮ್ಮನಾದರೆ ನಮಗೆ ನೆಮ್ಮದಿ. ಆಮೇಲೆ ನಮ್ಮ ಹಿತ್ತಲಿಗೆ ಕೈ ಬಿದ್ದ ದಿನ, ನಮ್ಮ ಪರವಾಗಿ ಕೂಗಲು ಒಬ್ಬರೂ ಉಳಿದಿರುವುದಿಲ್ಲ.