ಎರಡು ಸಲ ಸೋಸಿದ ಊಟ

ಬಟ್ಟೆಯ ನಾಲ್ಕು ಮೂಲೆಗಳನ್ನು ಒಟ್ಟಿಗೆ ಹಿಡಿದು ಅಜ್ಜಿ ತಿರುಚಿದಳು. ತಿಳಿ ಹಳದಿ ನೀರು ಬೋಗುಣಿಗೆ ಸಣ್ಣಗೆ ಇಳಿಯಿತು. ಒಂದು ಸಲ ಸೋಸಿ ಆಗಿತ್ತು, ಇದು ಎರಡನೆಯದು. ಆ ಬಟ್ಟೆ, ತೀರಿಹೋದ ಯಜಮಾನರ ಅಂಗಿಯ ಬೆನ್ನಿನ ತುಂಡು. ಒಗೆದು ಒಗೆದು ಬೆಣ್ಣೆಯ ಹಾಗೆ ಮೆತ್ತಗಾಗಿತ್ತು, ಆದರೆ ನೇಯ್ಗೆ ಇನ್ನೂ ಬಿಗಿಯಾಗಿತ್ತು. ಅದನ್ನು ದಾಟಿ ಒಂದು ನುಚ್ಚೂ ಹೋಗುವಂತಿರಲಿಲ್ಲ.

"ಆಯ್ತಾ ಅತ್ತೆ? ತಡವಾದ್ರೆ ಆಸ್ಪತ್ರೆ ಸಾಲಿನಲ್ಲಿ ಕೊನೇಗೆ ನಿಲ್ಲಬೇಕಾಗುತ್ತೆ," ಎಂದು ಸೊಸೆ ಹೊರಗಿನ ಕೋಣೆಯಿಂದ ಕೂಗಿದಳು. ಅವಳು ಮಗುವಿಗೆ ಫ್ರಾಕು ತೊಡಿಸುತ್ತಿದ್ದಳು. ಬಿಗಿದುಕೊಂಡ ಕೈಯನ್ನು ಫ್ರಾಕಿನ ತೋಳಿನೊಳಗೆ ತೂರಿಸುವುದೇ ಒಂದು ಕೆಲಸ.

"ಬಂದೆ ಕಣೇ. ಅವಸರದಲ್ಲಿ ಒಂದು ಗಂಟು ಉಳಿದುಬಿಟ್ರೆ ಆಮೇಲೆ ಅನುಭವಿಸೋರು ಯಾರು?"

"ಬಿಸಿ ಹಾಲಲ್ಲಿ ಬಾಯಿ ಸುಟ್ಟುಕೊಂಡೋರು ಮಜ್ಜಿಗೇನೂ ಊದ್ತಾರಂತೆ. ನಿಮ್ಮದು ಹಾಗಾಯ್ತು."

"ಊದ್ತೀನಿ. ನನ್ನ ಉಸಿರು ತಾನೆ, ನಿಂದಲ್ಲವಲ್ಲ."

ಸೊಸೆ ನಕ್ಕಳು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಜಾ ಹೊಲಿಯುವವಳು ಅವಳು. ಗಂಡ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಬೆಳಗಾಗುತ್ತಲೇ ಸೊಸೆ ಅನ್ನ, ಬೇಳೆ, ಗಜ್ಜರಿ, ಮೊಟ್ಟೆ ಎಲ್ಲ ಬೇಯಿಸಿ, ಆಸ್ಪತ್ರೆಯವರು ಹೇಳಿದಷ್ಟು ಎಣ್ಣೆ ಹಾಕಿ ಮಿಕ್ಸಿಯಲ್ಲಿ ಅರೆದಿಟ್ಟು ಕೆಲಸಕ್ಕೆ ಹೋಗುವಳು. ಅಲ್ಲಿಂದಾಚೆಯದೆಲ್ಲ ಅಜ್ಜಿಯ ಪಾಲು. ರಜೆಯ ದಿನವೂ ಆ ಪಾಲನ್ನು ಅವಳು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಹುಟ್ಟುವಾಗ ಉಸಿರು ಕಟ್ಟಿ ಮಿದುಳಿಗೆ ಪೆಟ್ಟು ಬಿದ್ದ ಮಗು ಅದು. ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಓರಗೆಯ ಮಕ್ಕಳು ಶಾಲೆಗೆ ಹೋಗುತ್ತಿದ್ದರೆ ಇವಳ ಕತ್ತು ಇನ್ನೂ ನಿಂತಿರಲಿಲ್ಲ. ನುಂಗಿದ್ದು ಹೊಟ್ಟೆಗೆ ಹೋಗದೆ ಎದೆಗೆ ಹೋಗುತ್ತದೆಂದು ಡಾಕ್ಟರು ಮೂಗಿನಿಂದ ಹೊಟ್ಟೆಯವರೆಗೆ ಸಪೂರ ಟ್ಯೂಬು ಇಳಿಸಿದ್ದರು. ಊಟವೆಲ್ಲ ಅದರಲ್ಲೇ. ಆದರೂ ಮಿಕ್ಸಿಯ ಸದ್ದು ಕೇಳಿದರೆ ಗುಬ್ಬಿ ಬಾಯಿ ಅಗಲಿಸಿ ನಗುತ್ತಿದ್ದಳು. ಈಚೆಗೆ ನಗುವುದು ನಿಂತಿತ್ತು. ಬುದ್ಧಿ ಬರುತ್ತಿದೆ, ದೊಡ್ಡವಳಾಗುತ್ತಿದ್ದಾಳೆ ಎಂದುಕೊಂಡಿದ್ದಳು ಅಜ್ಜಿ.

ಅವಳು ಬೋಗುಣಿಯಲ್ಲಿದ್ದುದನ್ನು ಅಳತೆಯ ಜಗ್ಗಿಗೆ ಸುರಿದಳು. ಎಂದಿನಂತೆ, ಒಂದು ಹೊತ್ತಿನ ಊಟಕ್ಕೆಂದು ಗುರುತಿಸಿದ ಗೆರೆಯ ಅರ್ಧದೆತ್ತರಕ್ಕಿಂತ ಸ್ವಲ್ಪ ಮೇಲೆ ನಿಂತಿತು. ಕಾಯಿಸಿ ಆರಿಸಿದ ನೀರನ್ನು ಸೇರಿಸಿ ಗೆರೆಯವರೆಗೆ ತಂದಳು. ಅಳತೆಯಲ್ಲಿ ಒಂದು ಹನಿಯೂ ಕಡಿಮೆಯಾಗಬಾರದು. "ಭಗವಂತಾ, ಸುಸೂತ್ರವಾಗಿ ಇಳಿಸಪ್ಪಾ," ಎಂದು ಕಣ್ಣು ಮುಚ್ಚಿ, ಮಧ್ಯಾಹ್ನದ ಊಟವನ್ನು ಫ್ಲಾಸ್ಕಿಗೆ ತುಂಬಿದಳು. ಬಟ್ಟೆಯಲ್ಲಿ ಉಳಿದ ಗಟ್ಟಿಯನ್ನು ಹಿತ್ತಿಲ ಬಾಗಿಲಲ್ಲಿ ತಟ್ಟೆಗೆ ಕೊಡವಿದಳು. ಕಳ್ಳ ಕಾದು ಕುಳಿತಿತ್ತು. ಕಳ್ಳ ಎಂದರೆ ಬೆಕ್ಕು. ಎಲ್ಲಿಂದಲೋ ಬಂದಾಗ ಎಲುಬಿನ ಗೂಡಾಗಿದ್ದದ್ದು ಈಗ ಮೈಯೆಲ್ಲ ಮಿರಿಮಿರಿ ಮಿಂಚುತ್ತಿತ್ತು.

ಹಿತ್ತಿಲ ಬೇಲಿಯಾಚೆಯ ಇಸ್ತ್ರಿ ಅಂಗಡಿಯವಳು ಕೆಂಡಕ್ಕೆ ಗಾಳಿ ಹಾಕುತ್ತಿದ್ದವಳು ತಲೆ ಎತ್ತಿ ಕೇಳಿದಳು: "ಏನಜ್ಜೀ, ನಿಮ್ಮ ಬೆಕ್ಕು ಬಸುರಿಯೇನು? ಒಂದು ಮರಿ ನನಗಿರಲಿ."

"ಗಂಡುಬೆಕ್ಕಿಗೆ ಬಸುರು ಹೇಳ್ತೀಯಲ್ಲೇ! ಒಳ್ಳೆ ಸೂಲಗಿತ್ತಿ ನೀನು."

"ಗಂಡೇ? ಹಾಗಾದ್ರೆ ಅದಕ್ಕೇನು ಹಾಕ್ತೀರೋ ನನ್ನ ಗಂಡನಿಗೂ ಸ್ವಲ್ಪ ಹಾಕಿ ತಾಯಿ. ಒಣಗಿ ಕಡ್ಡಿಯಾಗಿದ್ದಾನೆ."

ಅಜ್ಜಿಯೂ ನಕ್ಕಳು. ಅವಳ ಮನಸ್ಸು ಅಂದು ಹಗುರವಾಗಿತ್ತು. ಗುಬ್ಬಿಯ ತೂಕ ಸಾಕಷ್ಟು ಏರಿದ್ದರೆ ಹೊಟ್ಟೆಗೇ ನೇರವಾಗಿ ಟ್ಯೂಬು ಹಾಕುವ ಆಪರೇಷನ್ನಿಗೆ ದಿನ ಗೊತ್ತುಮಾಡುವುದಾಗಿ ಡಾಕ್ಟರು ಹೇಳಿದ್ದರು. ಅದಾದರೆ ಮೂಗಿನ ಹಿಂಸೆ ತಪ್ಪುತ್ತದೆ.

ಆ ಹಿಂಸೆಯನ್ನು ಅವಳು ಕಣ್ಣಾರೆ ಕಂಡಿದ್ದಳು. ಹಿಂದೊಮ್ಮೆ ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ಬೇಳೆಯ ಗಂಟೊಂದು ಟ್ಯೂಬಿನಲ್ಲಿ ಸಿಕ್ಕಿಕೊಂಡಿತು. ಒತ್ತಿದರೂ ಹೋಗದು, ಎಳೆದರೂ ಬಾರದು. ಕೊನೆಗೆ ಆಸ್ಪತ್ರೆಯಲ್ಲಿ ಇಬ್ಬರು ನರ್ಸುಗಳು ಮಗುವಿನ ಕೈಕಾಲು ಅದುಮಿ ಹಿಡಿದು ಹೊಸ ಟ್ಯೂಬು ತೂರಿಸಿದರು. ಮೂಗಿನಿಂದ ರಕ್ತ ಬಂತು. ಅಳಲು ದನಿಯಿಲ್ಲದ ಮಗು ಬಾಯಿ ತೆರೆದು, ದನಿಯಿಲ್ಲದೆಯೇ ಅತ್ತಿತು. "ಇನ್ನು ಗಂಟಿರಬಾರದು ಅಜ್ಜಿ, ಸಲೀಸಾಗಿ ಹರೀಬೇಕು," ಎಂದಿದ್ದಳು ಒಬ್ಬ ನರ್ಸು. ಮನೆಗೆ ಬಂದವಳೇ ಅಜ್ಜಿ ದೇವರ ಮುಂದೆ ಕೈಮುಗಿದು ಮಾತು ಕೊಟ್ಟಳು: ನನ್ನ ಕೈಯಿಂದ ಈ ಮಗುವಿಗೆ ಇನ್ನೊಮ್ಮೆ ಇಂಥ ನೋವಾಗಲು ಬಿಡುವುದಿಲ್ಲ. ಅಂದಿನಿಂದ ಟ್ಯೂಬು ಒಮ್ಮೆಯೂ ಕಟ್ಟಿರಲಿಲ್ಲ.

ಆಸ್ಪತ್ರೆಯಲ್ಲಿ ಗುಬ್ಬಿಯನ್ನು ಅಜ್ಜಿಯೇ ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತಳು. ಇಬ್ಬರನ್ನೂ ತೂಗಿ, ಆಮೇಲೆ ಅಜ್ಜಿಯೊಬ್ಬಳನ್ನೇ ತೂಗಿ ಕಳೆಯುವುದು ಅಲ್ಲಿಯ ಪದ್ಧತಿ.

"ಅಲ್ಲಾಡಬೇಡಿ ಅಜ್ಜಿ. ಮುಳ್ಳು ನಿಲ್ಲಲಿ," ಎಂದಳು ನರ್ಸು.

ಅಜ್ಜಿ ಉಸಿರು ಹಿಡಿದು ನಿಂತಳು. ನರ್ಸು ಒಮ್ಮೆ ನೋಡಿದಳು. ಇಳಿಸಿ, ಮತ್ತೆ ಹತ್ತಿಸಿ ನೋಡಿದಳು. ಚೀಟಿಯಲ್ಲಿ ಬರೆದುಕೊಟ್ಟು ಒಳಗೆ ಕಳಿಸಿದಳು.

ಒಳಗೆ ಮಕ್ಕಳ ಆಹಾರ ನೋಡುವ ಮೇಡಂ ಸೊಸೆಯನ್ನು ಒಂದೊಂದಾಗಿ ಕೇಳಿದಳು. ಏನೇನು ಹಾಕುತ್ತೀಯ, ಎಷ್ಟೆಷ್ಟು, ದಿನಕ್ಕೆ ಎಷ್ಟು ಸಲ. ಸೊಸೆ ಪಾಠ ಒಪ್ಪಿಸುವವಳ ಹಾಗೆ ಹೇಳಿದಳು.

"ಇಷ್ಟೂ ಹೊಟ್ಟೆಗೆ ಹೋದ್ರೆ ಮಗು ಹೀಗಿರೋದಿಲ್ಲಮ್ಮ. ಕಳೆದ ಸಲಕ್ಕಿಂತ ಇಳಿದಿದ್ದಾಳೆ. ಸುಸ್ತಾಗುತ್ತೆ, ಒಂದೊಂದು ಹೊತ್ತು ಬಿಟ್ಟುಹೋಗುತ್ತೆ, ನನಗೆ ಅರ್ಥವಾಗುತ್ತೆ. ಆದ್ರೆ ನಿಜ ಹೇಳು."

ಸೊಸೆಯ ಮುಖ ಕೆಂಪಾಯಿತು. "ನಾನು ಉಪವಾಸ ಬಿದ್ದಿದ್ದೀನಿ ಮೇಡಂ. ಅವಳನ್ನ ಒಂದು ಹೊತ್ತೂ ಉಪವಾಸ ಕೆಡವಿಲ್ಲ."

ಅಜ್ಜಿಗೆ ತಡೆಯಲಾಗಲಿಲ್ಲ. "ಅವಳನ್ನ ಅನ್ನಬೇಡಮ್ಮ. ಚಿನ್ನದಂಥ ಹುಡುಗಿ. ಬೇಕಾದ್ರೆ ನೋಡು, ಮಧ್ಯಾಹ್ನದ ಊಟ ತಂದಿದ್ದೀವಿ," ಎಂದು ಫ್ಲಾಸ್ಕನ್ನು ಮೇಜಿನ ಮೇಲಿಟ್ಟಳು.

ಮೇಡಂ ಸ್ವಲ್ಪವನ್ನು ಲೋಟಕ್ಕೆ ಬಗ್ಗಿಸಿಕೊಂಡಳು. ಚಮಚ ಅದ್ದಿ ಎತ್ತಿದಳು. ಚಮಚಕ್ಕೆ ಏನೂ ಅಂಟಲಿಲ್ಲ, ಎಲ್ಲ ತೊಟ್ಟಿಕ್ಕಿ ಹೋಯಿತು.

"ಇದನ್ನ ಯಾರು ಸೋಸಿದ್ದು?"

"ನಾನೇ," ಎಂದಳು ಅಜ್ಜಿ. ಅವಳ ದನಿಯಲ್ಲಿ ಹೆಮ್ಮೆಯಿತ್ತು. "ಬಟ್ಟೆಯಲ್ಲಿ ಎರಡೆರಡು ಸಲ. ಆಮೇಲೆ ಗೆರೆವರೆಗೂ ನೀರು ತುಂಬಿಸ್ತೀನಿ. ಅವತ್ತಿಂದ ಒಂದು ಸಲವೂ ಟ್ಯೂಬು ಕಟ್ಟಿಲ್ಲ, ಕೇಳು ಬೇಕಾದ್ರೆ."

ಮೇಡಂ ಚಮಚವನ್ನು ಮೆಲ್ಲಗೆ ಕೆಳಗಿಟ್ಟಳು. "ಬಟ್ಟೆಯಲ್ಲಿ ಉಳಿಯುತ್ತಲ್ಲ ಅಜ್ಜಿ, ಗಟ್ಟಿ. ಅದನ್ನೇನು ಮಾಡ್ತೀರಿ?"

ಅಜ್ಜಿ ಉತ್ತರಿಸಲು ಬಾಯಿ ತೆರೆದಳು. ಹಿತ್ತಿಲ ಬಾಗಿಲ ತಟ್ಟೆ, ಮಿಂಚುವ ಮೈ, ಇಸ್ತ್ರಿಯವಳ ನಗು, ಎಲ್ಲವೂ ಒಟ್ಟಿಗೆ ಅವಳ ಕಣ್ಣ ಮುಂದೆ ಬಂದವು.

"ಅತ್ತೆ," ಎಂದಳು ಸೊಸೆ. "ಗಂಟು ಮಾತ್ರ ತೆಗೀತೀರಿ ಅಂದ್ಕೊಂಡಿದ್ದೆ." ಆಮೇಲೆ ತನಗೇ ಹೇಳಿಕೊಳ್ಳುವವಳ ಹಾಗೆ ಕೇಳಿದಳು: "ಬೆಕ್ಕಿಗಾ?"

ಅಜ್ಜಿ ತಲೆಯಾಡಿಸಿದಳು.

ಯಾರೂ ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. ಮೇಡಂ ಡಾಕ್ಟರನ್ನು ಕರೆಸಿದಳು. ಡಾಕ್ಟರು ಗುಬ್ಬಿಯ ಎದೆಯ ಮೇಲೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಆಪರೇಷನ್ನಿನ ಮಾತು ಈಗ ಬೇಡ ಎಂದರು. ಈ ಮೈಗೆ ಅರಿವು ತಪ್ಪಿಸುವ ಮದ್ದು ಕೊಟ್ಟರೆ ಮತ್ತೆ ಏಳುವುದಿಲ್ಲ. ಎದೆಯಲ್ಲೂ ಸದ್ದಿದೆ. ಇಂದೇ ವಾರ್ಡಿಗೆ ಸೇರಿಸಬೇಕು.

"ಇವತ್ತಿಂದ ಗಟ್ಟಿಯಾಗೇ ಕೊಡ್ತೀನಿ ಸ್ವಾಮಿ," ಅಜ್ಜಿ ಕೈಮುಗಿದಳು. "ಎರಡರಷ್ಟು ಕೊಡ್ತೀನಿ. ನಾನೇ ಕೂತು ಕೊಡ್ತೀನಿ."

"ಹಾಗೆ ಆಗೋದಿಲ್ಲ ಅಜ್ಜಿ," ಎಂದಳು ಮೇಡಂ. ಅವಳ ದನಿ ತಗ್ಗಿತ್ತು. "ಇಷ್ಟು ದಿನ ಒಣಗಿದ ಮೈ. ಒಟ್ಟಿಗೆ ಕೊಟ್ಟುಬಿಟ್ರೆ ಹೃದಯ ತಡೆಯೋದಿಲ್ಲ. ರಕ್ತ ಪರೀಕ್ಷೆ ಮಾಡ್ತಾ, ಚೂರು ಚೂರಾಗಿ ಏರಿಸಬೇಕು. ಅಷ್ಟರವರೆಗೆ ಅವಳು ತಡೀಬೇಕು."

"ತಡೀತಾಳಾ?"

ಮೇಡಂ ಗುಬ್ಬಿಯ ಪಾದವನ್ನು ಹಿಡಿದುಕೊಂಡಳು.

ವಾರ್ಡಿನಲ್ಲಿ ಹಾಸಿಗೆಯ ಪಕ್ಕ ಒಬ್ಬರಿಗೇ ಜಾಗ. ಸೊಸೆ ಕುಳಿತಳು. ಅಜ್ಜಿ ಗೋಡೆಗೊರಗಿ ನಿಂತು ದೇವರ ಹೆಸರು ಹೇಳಲು ನೋಡಿದಳು. ನಾಲಗೆ ಹೊರಳಲಿಲ್ಲ. ಕೊಟ್ಟ ಮಾತನ್ನು ಒಂದು ದಿನವೂ ತಪ್ಪದೆ ನಡೆಸಿದ್ದಳಲ್ಲ, ಇನ್ನು ಅವನಲ್ಲಿ ಏನೆಂದು ಬೇಡುವುದು?

"ಮನೆಗೆ ಹೋಗಿ ಅತ್ತೆ," ಎಂದಳು ಸೊಸೆ, ತಿರುಗಿ ನೋಡದೆ. "ಅವಳ ಹೊದಿಕೆ ತನ್ನಿ. ಇಲ್ಲಿಯದು ಚುಚ್ಚುತ್ತೆ."

"ಒಂದು ಮಾತು ಬೈದುಬಿಡು ಮಗಳೇ."

"ಶಕ್ತಿಯಿಲ್ಲ ಅತ್ತೆ. ಹೋಗಿ ಬನ್ನಿ."

ಮನೆಗೆ ಬಂದಾಗ ಬಿಸಿಲು ಇನ್ನೂ ಹಿತ್ತಿಲಲ್ಲಿತ್ತು. ತಂತಿಯ ಮೇಲೆ ಸೋಸುವ ಬಟ್ಟೆ ಒಣಗಿ, ಗಾಳಿಗೆ ಆಡುತ್ತಿತ್ತು. ಬೀಗದ ಸದ್ದು ಕೇಳಿದ್ದೇ ಕಳ್ಳ ಓಡಿಬಂದು ಅಜ್ಜಿಯ ಕಾಲಿಗೆ ಮೈಯುಜ್ಜಿತು. ತಟ್ಟೆಯವರೆಗೆ ಹೋಗಿ ಮೂಸಿ, ಮತ್ತೆ ಬಂದು ಉಜ್ಜಿತು. ಅದಕ್ಕೆ ಹೊತ್ತು ಗೊತ್ತು.

ಅಟ್ಟಬೇಕೆಂದು ಅಜ್ಜಿ ಬಗ್ಗಿದಳು. ಅಟ್ಟಲು ಚಾಚಿದ ಕೈಗಳು ಅದರ ಕಂಕುಳ ಕೆಳಗೆ ಹೋಗಿ, ಎತ್ತಿ ಎದೆಗೆ ಒರಗಿಸಿಕೊಂಡವು. ಬೆಕ್ಕು ಗುರುಗುಟ್ಟುತ್ತಾ ಅವಳ ಹೆಗಲ ಮೇಲೆ ಗಲ್ಲವಿಟ್ಟು ಕಣ್ಣು ಮುಚ್ಚಿತು. ಬೆಚ್ಚಗಿತ್ತು. ಭಾರವಾಗಿತ್ತು.

ತೂಕದ ಯಂತ್ರದ ಮೇಲೆ ನಿಂತ ಹಾಗೆ ಅಜ್ಜಿ ಉಸಿರು ಹಿಡಿದು, ಅಲ್ಲಾಡದೆ ನಿಂತಳು.