ಚಪ್ಪಡಿಯ ಮೇಲೆ ಸನ್ಮಾನ

ಇಂಡಿಗೂ ಸಿಂದಗಿಗೂ ನಡುವೆ ಇರುವ ಹಾಲಗುಂಡಾಳ ಪಟ್ಟಣ ಪಂಚಾಯತಿಯ ಬಗ್ಗೆ ಯಾರು ಏನೇ ಅನ್ನಲಿ, ದೂರು ಕೊಟ್ಟರೆ ಅಲ್ಲಿ ಸುಧಾರಣೆ ಆಗುವುದಿಲ್ಲ ಎಂದು ಮಾತ್ರ ಅನ್ನುವಂತಿಲ್ಲ. ಇಂದೂಬಾಯಿಯವರು ಮೊದಲ ದೂರು ಕೊಟ್ಟಾಗ ದೂರಿನ ರಿಜಿಸ್ಟರಿಗೆ ಕೆಂಪು ಬಟ್ಟೆಯ ಹೊಸ ರಟ್ಟು ಬಂತು. ಎರಡನೆಯದಕ್ಕೆ ಬಾಗಿಲ ಪಕ್ಕದಲ್ಲಿ ದೂರಿನ ಪೆಟ್ಟಿಗೆ ಬಂತು, ಬೀಗದ ಸಮೇತ. ಮೂರನೆಯದಕ್ಕೆ ಒಂದು ಪ್ರತ್ಯೇಕ ಕೋಣೆ, ಕೋಣೆಗೊಂದು ಫಲಕ, ಒಳಗೆ ಫ್ಯಾನು, ಫ್ಯಾನಿನ ಕೆಳಗೆ ಗುಮಾಸ್ತ ಅಮೀನುದ್ದೀನ. ನಾಲ್ಕನೆಯದಕ್ಕೆ ಆ ಕೋಣೆಗೆ ಸುಣ್ಣಬಣ್ಣವೂ ಆಯಿತು. ಆಗದೆ ಉಳಿದದ್ದು ಒಂದೇ, ಅವರು ಹೇಳಿದ ಕೆಲಸ.

ಕೆಲಸವೇನು ಮಹಾ ದೊಡ್ಡದಲ್ಲ. ಮಡ್ಡಿ ಓಣಿಯ ಬಾಯಿಗೆ ಅಡ್ಡಲಾಗಿ ಊರ ದೊಡ್ಡ ಗಟಾರ ಹರಿಯುತ್ತದೆ. ಅದರ ಮೇಲೆ ಹಾಸಿದ್ದ ಕಾಂಕ್ರೀಟ್ ಚಪ್ಪಡಿ ಎರಡು ವರ್ಷದ ಹಿಂದೆ ಕಬ್ಬಿನ ಟ್ರ್ಯಾಕ್ಟರಿನ ಭಾರಕ್ಕೆ ಮುರಿದು ಗಟಾರದ ಪಾಲಾಗಿತ್ತು. ಅಂದಿನಿಂದ ಓಣಿಯವರು ಒಂದು ಹಳೆಯ ಲೈಟಿನ ಕಂಬವನ್ನು ಅಡ್ಡ ಹಾಕಿಕೊಂಡು ಅದರ ಮೇಲೆ ಅಡ್ಡಾಡುತ್ತಿದ್ದರು. ಮನುಷ್ಯರು ದಾಟುತ್ತಿದ್ದರು, ಆಡುಗಳು ದಾಟುತ್ತಿದ್ದವು, ಸೈಕಲ್ಲನ್ನು ಹೆಗಲ ಮೇಲೆ ಹೊತ್ತರೆ ಅದೂ ದಾಟುತ್ತಿತ್ತು. ಗಾಡಿ ಮಾತ್ರ ಒಳಗೆ ಬರುವಂತಿರಲಿಲ್ಲ.

ಗಾಡಿ ಬರದಿದ್ದರೆ ಏನಾಗುತ್ತದೆ ಎನ್ನುವುದನ್ನು ಓಣಿ ಕಳೆದ ಮಳೆಗಾಲದಲ್ಲಿ ಕಂಡಿತ್ತು. ಇಂದೂಬಾಯಿಯವರ ಎದುರುಮನೆಯ ರೇವವ್ವನ ಮಗಳು ರಾಜಶ್ರೀ ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಬೇನೆ ತಿಂಗಳ ಮುಂಚೆಯೇ ಎದ್ದಿತು. ಆಂಬುಲೆನ್ಸ್ ಗಟಾರದ ಆಚೆ ನಿಂತು ಹಾರ್ನ್ ಹೊಡೆಯಿತು. ಈಚೆಯಿಂದ ನಾಲ್ಕು ಜನ ಹೊರಸಿನ ಮೇಲೆ ಅವಳನ್ನು ಹೊತ್ತು, ಕೆಸರಿನಲ್ಲಿ ಜಾರುತ್ತ, ಸುತ್ತುಬಳಸಿ ಹೊಲದ ಬದುವಿನ ಮೇಲಿಂದ ಒಯ್ದರು. ಸಿಂದಗಿ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು, ಕೂಸು ಉಳಿಯಲಿಲ್ಲ. ಈಗ ರಾಜಶ್ರೀ ಮತ್ತೆ ಬಸುರಿ, ಮತ್ತೆ ತವರಿನಲ್ಲಿ. ರಕ್ತದ ಒತ್ತಡ ಜಾಸ್ತಿ ಇದೆ, ಬೇನೆ ಕಂಡ ಕೂಡಲೇ ಗಾಡಿಯಲ್ಲಿ ಮಲಗಿಸಿಕೊಂಡು ಬನ್ನಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದಳು. ದಿನ ತುಂಬಲು ಉಳಿದದ್ದು ಒಂದು ತಿಂಗಳು.

ಇಂದೂಬಾಯಿಯವರು ಊರ ಕನ್ನಡ ಶಾಲೆಯಲ್ಲಿ ಮೂವತ್ತೈದು ವರ್ಷ ಕಲಿಸಿದವರು. ಊರಿಗೆಲ್ಲ ಅಕ್ಕೋರು. ನಿವೃತ್ತಿಯಾಗಿ ತಮ್ಮನ ಸಂಸಾರದ ಜೊತೆ ಇದ್ದರೂ ಕೈಯಲ್ಲಿ ಕಾಣದ ಛಡಿಯೊಂದು ಇದ್ದೇ ಇತ್ತು. ಸುಳ್ಳು ಹೇಳುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಐದನೆಯ ದೂರನ್ನು ಅವರು ತಮ್ಮನ ಮಗಳ ಕೈಯಲ್ಲಿ ಮೊಬೈಲಿನಲ್ಲೇ ಹಾಕಿಸಿದರು. ನಾಲ್ಕೇ ದಿನಕ್ಕೆ ಉತ್ತರ ಬಂತು. ನಿಮ್ಮ ದೂರನ್ನು ಪರಿಹರಿಸಲಾಗಿದೆ, ಸಹಕಾರಕ್ಕೆ ಧನ್ಯವಾದಗಳು. ಜೊತೆಗೊಂದು ಫೋಟೋ. ಫೋಟೋದಲ್ಲಿ ಗಟ್ಟಿಮುಟ್ಟಾದ ಚಪ್ಪಡಿ, ಅದರ ಎರಡೂ ಬದಿಗೆ ಕಟ್ಟೆ, ಹಿಂದೆ ಸಾಲು ತೆಂಗಿನಮರ. ಮಡ್ಡಿ ಓಣಿಯಲ್ಲಿ ತೆಂಗಿನಮರ ಹಾಗಿರಲಿ, ಬೇವಿನ ಗಿಡ ಕೂಡ ಕಂಡಾಪಟ್ಟೆ ಕಷ್ಟಪಟ್ಟು ಬದುಕುತ್ತದೆ.

ಅಕ್ಕೋರು ಆ ಮೊಬೈಲನ್ನು ಹಿಡಿದು ನೆಟ್ಟಗೆ ಫ್ಯಾನಿನ ಕೆಳಗಿನ ಅಮೀನುದ್ದೀನನ ಮುಂದೆ ಹೋಗಿ ನಿಂತರು. ಅವನು ನಾಲ್ಕನೆಯ ಇಯತ್ತೆಯಲ್ಲಿ ಅವರ ಕೈಯಲ್ಲಿ ಕಲಿತವನು. ಮೊಬೈಲು ನೋಡಿದ, ಬಾಗಿಲು ನೋಡಿದ, ಆಮೇಲೆ ದನಿ ಸಣ್ಣದು ಮಾಡಿದ.

"ನಿಮ್ಮ ಮುಂದ ಸುಳ್ಳ ಹೇಳಾಕ ಬಾಯಿ ಬರಂಗಿಲ್ರಿ ಅಕ್ಕೋರ. ಗಟಾರದ ದೂರು ಯಾವುದು ಬಂದ್ರೂ ಇದ ಫೋಟೋ ಹಾಕತೇವ್ರಿ. ಲೈಟಿಂದು ಬ್ಯಾರೆ ಐತ್ರಿ, ನಳದ್ದು ಬ್ಯಾರೆ ಐತ್ರಿ."

ಫೋಟೋ ಹಾಕದ ಹೊರತು ದೂರು ಮುಚ್ಚುವುದಿಲ್ಲವಂತೆ, ದೂರು ಮುಚ್ಚದಿದ್ದರೆ ಮೇಲಿನವರು ಸಾಹೇಬರನ್ನು ಕೇಳುತ್ತಾರಂತೆ. ಸಾಹೇಬರೆಂದರೆ ಮುಖ್ಯಾಧಿಕಾರಿ ಅರುಣಕುಮಾರ. ಅವರನ್ನೇ ಕಾಣುತ್ತೇನೆಂದು ಅಕ್ಕೋರು ಎದ್ದರೆ, ಸಾಹೇಬರು ಇಲ್ಲ, ದೇವರ ಹಿಪ್ಪರಗಿಯಲ್ಲಿ ಯಾವುದೋ ಸಂಘದವರು ಸನ್ಮಾನ ಇಟ್ಟುಕೊಂಡಿದ್ದಾರೆ, ಅಲ್ಲಿಗೆ ಹೋಗಿದ್ದಾರೆ ಎಂದ. ನೀರಿನ ಮೀಟಿಂಗು ಇವತ್ತೇ ಇತ್ತು, ಅದನ್ನು ಮುಂದಕ್ಕೆ ಹಾಕಿ ಹೋದರು ಎಂದೂ ಬಾಯಿ ತಪ್ಪಿ ಹೇಳಿದ.

ಅಕ್ಕೋರಿಗೆ ಸಾಹೇಬರ ಚೇಂಬರು ಕಣ್ಣಿಗೆ ಕಟ್ಟಿತು. ನಾಲ್ಕನೆಯ ದೂರಿನ ಸಲ ಒಳಗೆ ಹೋಗಿ ಕೂತಿದ್ದರು. ಗೋಡೆಯ ತುಂಬ ಫೋಟೋ. ಎಲ್ಲದರಲ್ಲೂ ಸಾಹೇಬರ ತಲೆಗೆ ಪೇಟ, ಹೆಗಲಿಗೆ ಶಾಲು, ಮುಖದಲ್ಲಿ ಆಗಷ್ಟೇ ಊಟ ಮುಗಿಸಿದ ಕೂಸಿನ ತೃಪ್ತಿ. ಮೂವತ್ತೈದು ವರ್ಷದ ನೌಕರಿಯಲ್ಲಿ ಅಕ್ಕೋರು ಒಂದು ಸಂಗತಿ ಚೆನ್ನಾಗಿ ಕಂಡಿದ್ದರು. ಮಕ್ಕಳು ಸೋರುವ ಕೋಣೆಯಲ್ಲಿ ಕೂತು ಎಷ್ಟು ವರ್ಷ ನೆನೆದರೂ ಹೆಂಚು ಬದಲಾಗಲಿಲ್ಲ. ಒಬ್ಬ ದೊಡ್ಡ ಮನುಷ್ಯನಿಗೆ ಅದೇ ಕೋಣೆಯಲ್ಲಿ ಹಾರ ಹಾಕುತ್ತೇವೆಂದಾಗ ಎರಡೇ ದಿನದಲ್ಲಿ ಬದಲಾಯಿತು. ಈ ಸೀಮೆಯಲ್ಲಿ ಬೈದರೆ ತಡೆದುಕೊಳ್ಳುವವರಿದ್ದಾರೆ, ಅತ್ತರೆ ತಡೆದುಕೊಳ್ಳುವವರಿದ್ದಾರೆ. ಶಾಲು ತಂದಿದ್ದೇವೆ ಅಂದರೆ ತಡೆದುಕೊಳ್ಳುವ ಗಂಡಸು ಇನ್ನೂ ಹುಟ್ಟಿಲ್ಲ.

ಮನೆಗೆ ಬಂದು ಅಕ್ಕೋರು ಆರನೆಯ ಕಾಗದ ಬರೆದರು. ಇದು ದೂರಲ್ಲ, ಧನ್ಯವಾದ. ತಾವು ಕಳಿಸಿದ ಫೋಟೋ ನೋಡಿ ಮಡ್ಡಿ ಓಣಿಯ ಸಮಸ್ತರಿಗೆ ಆನಂದವಾಗಿದೆ, ಬರುವ ರವಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅದೇ ಚಪ್ಪಡಿಯ ಮೇಲೆ ತಮಗೆ ಸನ್ಮಾನ, ತಾವು ತಮ್ಮ ಗಾಡಿಯಲ್ಲಿ ಚಪ್ಪಡಿಯನ್ನು ದಾಟಿಯೇ ಬರಬೇಕು ಎಂದು ಓಣಿಯ ಆಸೆ. ಕಾಗದ ಮುಟ್ಟುವ ಮೊದಲೇ ಕಾರ್ಡು ಅಚ್ಚಾದವು. ಪಂಚಾಯತಿಯ ಅಧ್ಯಕ್ಷರು, ಉಪಾಧ್ಯಕ್ಷರು, ಎಲ್ಲ ಸದಸ್ಯರ ಹೆಸರೂ ಬಿರುದುಬಾವಲಿ ಸಮೇತ ಕಾರ್ಡಿನ ಮೇಲೆ ಕೂತವು. ಪೇಪರಿನವರಿಗೆ ಹೋದವು. ಅಷ್ಟು ಸಾಲದೆ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ ಇರುವ ಸಾಹೇಬರ ಜೊತೆಗಾರ ಅಧಿಕಾರಿಗಳಿಗೂ ಅಕ್ಕೋರು ಸ್ವತಃ ವಿಳಾಸ ಬರೆದು ಕಳಿಸಿದರು. ಅವರೆಲ್ಲ ಫೋನು ಮಾಡಿ ಹೊಟ್ಟೆಯುರಿಯನ್ನು ಅಭಿನಂದನೆಯಲ್ಲಿ ಅದ್ದಿ ಸಾಹೇಬರ ಕಿವಿಗೆ ಹಾಕಿದರು.

ರೇವವ್ವನಿಗೆ ಮಾತ್ರ ಇದು ತಲೆಗೆ ಹತ್ತಲಿಲ್ಲ. ಮಾಡದ ಕೆಲಸಕ್ಕೆ ಹಾರ ಹಾಕುವುದು ಯಾವ ನಮೂನೆಯ ನ್ಯಾಯ ಎಂದು ಅವಳು ಮುಖ ಗಂಟಿಕ್ಕಿದಳು. ತನ್ನ ಮೊಮ್ಮಗುವನ್ನು ತಿಂದ ಗಟಾರದ ಮೇಲೆ ಆ ಮನುಷ್ಯನಿಗೆ ಆರತಿ ಎತ್ತಲಾರೆ ಎಂದಳು. ಎತ್ತಬೇಡ, ನಿಂತು ನೋಡು, ಎಂದರು ಅಕ್ಕೋರು.

ಬುಧವಾರ ಸಾಹೇಬರೇ ಅಕ್ಕೋರ ಮನೆಗೆ ಬಂದರು. ಗಾಡಿಯನ್ನು ಆಚೆ ಬಿಟ್ಟು, ಲೈಟಿನ ಕಂಬದ ಮೇಲೆ ಡ್ರೈವರನ ಕೈ ಹಿಡಿದು, ಪ್ಯಾಂಟು ಎತ್ತಿಕೊಂಡು ದಾಟಿ ಬಂದರು. ಚಹಾ ಕುಡಿದು, ತಾವೇನೂ ಅಂಥ ದೊಡ್ಡ ಕೆಲಸ ಮಾಡಿಲ್ಲವೆಂದು ತೀರ ವಿನಯದಿಂದ ಹೇಳಿದರು. ಇದೊಂದು ಮಾತನ್ನು ಅವರು ನಿಜ ಹೇಳಿದ್ದರು. ಆಮೇಲೆ ಕಾರ್ಯಕ್ರಮವನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡರೆ ಹೇಗೆ ಎಂದು ಕೇಳಿದರು.

"ಕಾರ್ಡ್ ಹಂಚಿ ಮುಗದಾವ ಸಾಹೇಬ್ರ," ಎಂದರು ಅಕ್ಕೋರು. "ಈಗ ಬ್ಯಾಡಂದ್ರ ಯಾಕ ಬ್ಯಾಡ ಅಂತ ನಾ ಎಲ್ಲಾರ್ಗೂ ಹೇಳಬೇಕಾಗತದ. ನನಗ ಸುಳ್ಳು ಹೇಳಿ ರೂಢಿ ಇಲ್ಲ."

ಸಾಹೇಬರು ಕಪ್ಪಿನ ತಳದಲ್ಲಿ ಉಳಿದ ಚಹಾ ನೋಡಿದರು. ಶಾಲು ಯಾವ ಬಣ್ಣದ್ದು ಎಂದು ಕೇಳಿ ಎದ್ದರು.

ಗುರುವಾರ ಜೆಸಿಬಿ ಬಂತು. ಎರಡು ವರ್ಷ ಅಂದಾಜುಪಟ್ಟಿ ಆಗಬೇಕು, ಟೆಂಡರು ಆಗಬೇಕು, ಮೇಲಿನಿಂದ ಮಂಜೂರಾತಿ ಬರಬೇಕು ಎನ್ನುತ್ತಿದ್ದ ಜನವೇ ಹೊತ್ತು ಮುಳುಗುವುದರೊಳಗೆ ಮುರಿದ ತುಂಡುಗಳನ್ನು ಎತ್ತಿ ಹಾಕಿದರು. ಶುಕ್ರವಾರ ಟ್ರ್ಯಾಕ್ಟರಿನಲ್ಲಿ ಮೂರು ದಪ್ಪ ಚಪ್ಪಡಿ ಬಂದು ಗಟಾರದ ಮೇಲೆ ಕೂತವು. ಶನಿವಾರ ಓಣಿಯ ಕಸ ಹೋಯಿತು, ಉರಿಯದ ಲೈಟು ಉರಿಯಿತು, ಎರಡೂ ಬದಿಗೆ ಬಿಳಿ ಪುಡಿಯ ಗೆರೆ ಬಿತ್ತು. ಓಣಿಯ ನಾಯಿಗಳು ಕೂಡ ಸಭ್ಯತೆಯಿಂದ ಕಟ್ಟೆ ಬಿಟ್ಟಿಳಿದವು.

ರವಿವಾರ ಹನ್ನೊಂದು ಎಂದದ್ದು ಒಂದಾಯಿತು, ಅದು ವಾಡಿಕೆ. ಸಾಹೇಬರ ಗಾಡಿ ಚಪ್ಪಡಿಯ ಮೇಲೆ ಬಂದಾಗ ಅಕ್ಕೋರು ಗಾಲಿಗಳನ್ನೇ ನೋಡುತ್ತ ನಿಂತಿದ್ದರು. ಮುಂದಿನ ಗಾಲಿ ದಾಟಿತು, ಹಿಂದಿನದೂ ದಾಟಿತು. ಅದರ ಹಿಂದೆ ಅಧ್ಯಕ್ಷರ ಗಾಡಿ. ಚಪ್ಪಡಿ ಕಮಕ್ ಕಿಮಕ್ ಅನ್ನಲಿಲ್ಲ. ಜನರ ನಡುವೆ ಬಾಗಿಲಲ್ಲಿ ನಿಂತ ರಾಜಶ್ರೀ ಕಾಣುತ್ತಿದ್ದಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. ಅಕ್ಕೋರ ಕಣ್ಣು ಒದ್ದೆಯಾದವು.

ಪೇಟ ತೊಡಿಸಿದರು, ಶಾಲು ಹೊದಿಸಿದರು. ಕಾರ್ಡಿನಲ್ಲಿ ತನ್ನ ಹೆಸರು ಕೆಳಗೆ ಬಂತೆಂದು ಸಿಟ್ಟಾಗಿದ್ದ ಸದಸ್ಯನನ್ನು ಮೊದಲ ಸಾಲಿಗೆ ಕರೆದು ಕೂಡಿಸಿದರು. ಸಾಹೇಬರು ಮುಕ್ಕಾಲು ಗಂಟೆ ಮಾತಾಡಿದರು. ದೂರು ಬಂದ ನಾಲ್ಕು ದಿನದಲ್ಲಿ ಈ ಕೆಲಸ ಮುಗಿದಿದೆ, ಬೇಕಾದರೆ ತಾರೀಖು ನೋಡಿ, ದೂರು ಕೊಡುವ ಜಾಗೃತ ನಾಗರಿಕರೇ ನಮ್ಮ ಆಸ್ತಿ ಎಂದರು. ಜನ ಚಪ್ಪಾಳೆ ತಟ್ಟಿದರು. ಫೋಟೋದವನು ಅಕ್ಕೋರನ್ನು ಸಾಹೇಬರ ಪಕ್ಕಕ್ಕೆ ನಿಲ್ಲಿಸಿ, ಸ್ವಲ್ಪ ನಗ್ರಿ ಎಂದ. ಅಕ್ಕೋರು ನಕ್ಕರು. ಗಾಡಿ ದಾಟಿತ್ತಲ್ಲ, ನಗು ತಾನಾಗಿ ಬಂತು.

ನಿಂತಲ್ಲೇ ಅವರು ಕೆಳಗೆ ನೋಡಿದ್ದರು. ಚಪ್ಪಡಿಯ ಒಂದು ಮೂಲೆಯಲ್ಲಿ ಕೋಳಿಯ ಹೆಜ್ಜೆಗಳು ಅಚ್ಚೊತ್ತಿದ್ದವು, ಹಸಿ ಕಾಂಕ್ರೀಟಿನ ಮೇಲೆ ಯಾವಾಗಲೋ ನಡೆದುಹೋದದ್ದು. ಅಂಚಿಗೆ ಹಳೆಯ ಪಾಚಿ. ಹೊಸ ಚಪ್ಪಡಿಗೆ ಪಾಚಿ ಎಲ್ಲಿಂದ ಬಂತು ಎಂದು ಒಂದನೆಯ ಇಯತ್ತೆಯ ಮಗುವೂ ಕೇಳುತ್ತಿತ್ತು. ಅಕ್ಕೋರು ಕೇಳಬಹುದಾಗಿತ್ತು. ಕೇಳಲಿಲ್ಲ.

ಅದಾದ ಒಂಬತ್ತನೆಯ ದಿನ ಮುಂಜಾನೆ ರಾಜಶ್ರೀಗೆ ಬೇನೆ ಶುರುವಾಯಿತು. ಆಂಬುಲೆನ್ಸ್ ಚಪ್ಪಡಿ ದಾಟಿ ರೇವವ್ವನ ಹೊಸ್ತಿಲಿಗೇ ಬಂದು ನಿಂತಿತು. ಮಧ್ಯಾಹ್ನಕ್ಕೆ ಸಿಂದಗಿಯಿಂದ ಫೋನು ಬಂತು, ಹೆಣ್ಣು ಕೂಸು, ಅಳುವ ದನಿ ಫೋನಿನಲ್ಲೇ ಕೇಳಿಸಿತು. ರೇವವ್ವ ಓಣಿಯ ನಡುವೆ ಕೂತು ಜೋರಾಗಿ ಅತ್ತಳು. ಅಕ್ಕೋರೂ ಅತ್ತರು, ಯಾರಾದರೂ ನೋಡಿದರೇನು ಎಂಬ ಯೋಚನೆಯೂ ಇಲ್ಲದೆ.

ಮೂರನೆಯ ದಿನ ರೇವವ್ವ ಪೇಢೆಯ ಡಬ್ಬಿ ಹಿಡಿದು ಮನೆಮನೆಗೆ ಹಂಚುತ್ತಿದ್ದಾಗ ಹಳೆ ಬಾವಿ ಓಣಿಯ ಸಿದ್ದೀಕಾ ಬಂದಳು. ಅಕ್ಕೋರ ಜಂಪರುಗಳನ್ನೆಲ್ಲ ಹೊಲಿಯುವವಳು ಅವಳೇ. ಇಂದು ಕೈಯಲ್ಲಿ ಬಟ್ಟೆಯ ಗಂಟಿರಲಿಲ್ಲ. ಒಳಗೆ ಬರದೆ ಗಟಾರದ ಹತ್ತಿರವೇ ಕೂತು ಚಪ್ಪಡಿಯ ಮೂಲೆಯನ್ನು ಕೈಯಿಂದ ಸವರುತ್ತಿದ್ದಳು. ಅಕ್ಕೋರು ಹತ್ತಿರ ಹೋದರು.

"ಇದು ನಮ್ಮ ಕೋಳಿ ಹೆಜ್ಜಿ ಅಕ್ಕೋರ," ಎಂದಳು ಸಿದ್ದೀಕಾ. "ಹಸಿ ಇದ್ದಾಗ ಹಾದು ಹೋಗಿತ್ತು. ನಾನ ಬೈದು ಓಡಿಸಿದ್ದೆ."

ಸನ್ಮಾನಕ್ಕೆ ಎರಡು ದಿನ ಮೊದಲು, ಶುಕ್ರವಾರ, ಜೆಸಿಬಿ ಬಂದು ಅವಳ ಮನೆಯ ಮುಂದಿನ ಮೂರೂ ಚಪ್ಪಡಿಗಳನ್ನು ಎತ್ತಿಕೊಂಡು ಹೋಗಿತ್ತು. ರಿಪೇರಿ ಮಾಡಿ ತರುತ್ತೇವೆ ಎಂದಿದ್ದರಂತೆ. ಮರುದಿನವೇ ಅವಳ ಅತ್ತೆ, ನಲವತ್ತು ವರ್ಷ ನಡೆದ ದಾರಿಯೆಂದು ನೋಡದೆ ಕಾಲಿಟ್ಟು, ಗಟಾರಕ್ಕೆ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಈಗ ಹಾಸಿಗೆ ಹಿಡಿದಿದ್ದಾಳೆ, ವಾರಕ್ಕೊಮ್ಮೆ ಆಸ್ಪತ್ರೆಗೆ ಒಯ್ಯಬೇಕು, ಗಾಡಿ ಮನೆಯ ತನಕ ಬರುವುದಿಲ್ಲ. ಇದನ್ನೆಲ್ಲ ಸಿದ್ದೀಕಾ ಸಿಟ್ಟಿಲ್ಲದೆ, ಬಟ್ಟೆಯ ಅಳತೆ ಹೇಳುವಂತೆ ಹೇಳಿದಳು. ಅಷ್ಟರಲ್ಲಿ ರೇವವ್ವ ಬಂದು ಅವಳ ಕೈಗೂ ಒಂದು ಪೇಢೆ ಇಟ್ಟಳು. ತಾಯಿ ಕೂಸು ಆರಾಮ ಇದ್ದಾರೆಯೇ ಎಂದು ಸಿದ್ದೀಕಾ ಮನಸಾರೆ ಕೇಳಿದಳು. ಪೇಢೆ ಕೈಯಲ್ಲೇ ಉಳಿಯಿತು.

ದೂರು ಕೊಟ್ಟೆಯಾ ಎಂದರು ಅಕ್ಕೋರು. ಕೊಟ್ಟಿದ್ದಾಳೆ, ಇವತ್ತು ಉತ್ತರವೂ ಬಂದಿದೆ. ಸಿದ್ದೀಕಾ ಮೊಬೈಲು ತೆಗೆದು ತೋರಿಸಿದಳು. ನಿಮ್ಮ ದೂರನ್ನು ಪರಿಹರಿಸಲಾಗಿದೆ, ಸಹಕಾರಕ್ಕೆ ಧನ್ಯವಾದಗಳು. ಕೆಳಗೆ ಫೋಟೋ. ತೆಂಗಿನಮರಗಳು ಹೋಗಿದ್ದವು. ಅವುಗಳ ಜಾಗದಲ್ಲಿ ಪೇಟ ತೊಟ್ಟ ಸಾಹೇಬರು, ಪಕ್ಕದಲ್ಲಿ ಇಂದೂಬಾಯಿಯವರು, ಬಾಯಿ ತುಂಬ ನಗುತ್ತ. ಅವರ ಚಪ್ಪಲಿಯ ಪಕ್ಕದಲ್ಲಿ ಕೋಳಿಯ ಹೆಜ್ಜೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಫೋಟೋದಾಗ ನೀವ ಅದೀರಿ, ಅದಕ್ಕ ನಿಮ್ಮನ್ನ ಕೇಳಾಕ ಬಂದೇನ್ರಿ," ಎಂದಳು ಸಿದ್ದೀಕಾ. "ನಮ್ಮ ಓಣ್ಯಾಗೂ ಸಾಹೇಬ್ರಿಗೆ ಒಂದು ಸನ್ಮಾನ ಇಡಬೇಕಂತೇವಿ. ಕಾರ್ಡ್ ಹ್ಯಾಂಗ ಬರೀಬೇಕ್ರಿ?"

ಅಕ್ಕೋರು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಆ ಫೋಟೋ ನೋಡಿದರು. ಸುಳ್ಳು ಹೇಳಿ ರೂಢಿಯಿಲ್ಲ ಎಂದ ಬಾಯಿ ಅದೇ, ಹಲ್ಲು ಕೂಡ ಕಾಣುತ್ತಿದ್ದವು.

"ನಿಮ್ಮ ಓಣಿ ಆದಮ್ಯಾಲ ಯಾವ ಓಣಿ ಬರತದ, ಸಿದ್ದೀಕಾ?" ಎಂದು ಕೇಳಿದರು.

"ಕುಂಬಾರ ಓಣಿ ಬರತೈತ್ರಿ," ಎಂದಳು ಸಿದ್ದೀಕಾ. ತಲೆ ತಗ್ಗಿಸಿ, ಮೆಲ್ಲಗೆ ಸೇರಿಸಿದಳು. "ನೋಡಿ ಬಂದೇನ್ರಿ. ಅಲ್ಲಿ ಚಪ್ಪಡಿ ಇನ್ನೂ ಗಟ್ಟಿ ಅದಾವು."